ಮೊದಲು ಹನಿ, ಆಮೇಲೆ ಗ್ರಾಫು

ಗುಹೆಯ ಕಲ್ಲು ನೋಡಿ ಸಾವಿರಾರು ವರ್ಷದ ಹಿಂದಿನ ಮಳೆಗಾಲದ ಬಗ್ಗೆ ಹೇಳಬಹುದು ಅಂದ ಕೂಡಲೇ ಜನ ಕೇಳೋದು ಒಂದೇ: "ಹಾಗಾದರೆ ಆಗ ಎಷ್ಟು ಮಿಲಿಮೀಟರ್ ಮಳೆ ಬಂದಿತ್ತು?" ನನ್ನ ಉತ್ತರ ಕೇಳಿದವರ ಮುಖ ಸಪ್ಪಗಾಗುತ್ತದೆ. ಕಲ್ಲಿನಲ್ಲಿ ಮಿಲಿಮೀಟರ್ ಇರುವುದಿಲ್ಲ. ಅಲ್ಲಿರುವುದು ಆಕ್ಸಿಜನ್. ಹಗುರವಾದ ಆಕ್ಸಿಜನ್ 16, ಚೂರು ಭಾರವಾದ ಆಕ್ಸಿಜನ್ 18. ಪದರದಿಂದ ಪದರಕ್ಕೆ ಇವೆರಡರ ಅನುಪಾತ ಸಾವಿರಕ್ಕೆ ಒಂದೋ ಎರಡೋ ಪಾಲು ಏರುಪೇರಾಗುತ್ತದೆ, ಅಷ್ಟೇ. ಅದನ್ನು ಮಳೆ ಅಂತ ಓದಬೇಕಾದರೆ ಮಧ್ಯದಲ್ಲಿ ಮೋಡ, ಮಣ್ಣು, ಬಂಡೆ, ಗುಹೆ ಇಷ್ಟನ್ನೂ ದಾಟಿ ಬರಬೇಕು.

ನಾನು ಕಲಬುರಗಿ ಜಿಲ್ಲೆಯವಳು. ನಮ್ಮ ಕಡೆ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ಆದರೆ ನಾನು ಕೆಲಸ ಮಾಡಿದ್ದು ಮೇಘಾಲಯದ ಸುಣ್ಣದಕಲ್ಲಿನ ಗುಹೆಗಳಲ್ಲಿ, ಸೊಹ್ರಾ ಸುತ್ತಮುತ್ತ. ಶಾಲೆಯಲ್ಲಿ ನಾವು ಚಿರಾಪುಂಜಿ ಅಂತ ಓದಿದ ಊರು. ವರ್ಷಕ್ಕೆ ಸುಮಾರು 11,000 ಮಿಲಿಮೀಟರ್ ಮಳೆ ಬೀಳುವ ಜಾಗ. ನಮ್ಮೂರಲ್ಲಿ ಹದಿನೈದು ವರ್ಷ ಸುರಿಯುವ ಮಳೆ ಅಲ್ಲಿ ಹೆಚ್ಚುಕಮ್ಮಿ ಒಂದೇ ವರ್ಷಕ್ಕೆ ಬರುತ್ತದೆ.

ಕಲ್ಲು ಬೆಳೆಯುವ ಕ್ರಮ ಸರಳ. ಮಳೆ ನೀರು ಮಣ್ಣಿಗೆ ಇಳಿದು ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಸ್ವಲ್ಪ ಹುಳಿಯಾಗುತ್ತದೆ, ಸುಣ್ಣದಕಲ್ಲನ್ನು ಕರಗಿಸಿಕೊಂಡು ಕೆಳಗೆ ಜಿನುಗುತ್ತದೆ. ಗುಹೆಯ ಗಾಳಿ ಸಿಕ್ಕಿದ ಕೂಡಲೇ ಆ ಅನಿಲ ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಬಹುಮಟ್ಟಿಗೆ ಅದೇ ಲೆಕ್ಕ. ಚಾವಣಿಯಿಂದ ಇಳಿಬಿದ್ದು ಬೆಳೆಯುವುದು ಸ್ಟ್ಯಾಲಕ್ಟೈಟ್. ನೆಲದಿಂದ ಮೇಲೆದ್ದು ಬರುವುದು ಸ್ಟ್ಯಾಲಗ್ಮೈಟ್. ನಮಗೆ ಬೇಕಾದದ್ದು ಎರಡನೆಯದು. ಅದರಲ್ಲಿ ಪದರಗಳು ಒಂದರ ಮೇಲೊಂದು ನೀಟಾಗಿ ಕೂತಿರುತ್ತವೆ.

ಗುಹೆಗೆ ಸುಮ್ನೆ ನುಗ್ಗುವ ಹಾಗಿಲ್ಲ. ಅಲ್ಲಿ ಬಹಳಷ್ಟು ಜಮೀನು ಊರಿನದ್ದು ಇಲ್ಲವೇ ಕುಲದ್ದು. ದರ್ಬಾರ್, ಅಂದರೆ ಊರಿನ ಹಿರಿಯರ ಸಭೆ, ಒಪ್ಪಬೇಕು. ನಾನು ಹೋದಾಗ ಮುಖಂಡರ ಮನೆಯಲ್ಲಿ ಕೆಂಪು ಚಹಾ, ಕ್ವಾಯ್ ಕೊಟ್ಟರು. ಕ್ವಾಯ್ ಅಂದರೆ ನಮ್ಮ ಎಲೆಅಡಿಕೆಯೇ, ಅಡಿಕೆ ಮಾತ್ರ ಹಸಿ. ತಲೆ ಗಿರ್ರೆನ್ನುತ್ತದೆ. ಅವರು ಕೇಳಿದ ಪ್ರಶ್ನೆ ಒಂದೇ: "ಕಾಂಗ್ (ಅಕ್ಕ), ನಿಂತಿರುವ ಕಲ್ಲು ಮುರೀತೀರಾ?" ಆಗಲೇ ಮುರಿದು ಬಿದ್ದಿರುವುದನ್ನೇ ಮೊದಲು ಹುಡುಕುತ್ತೇವೆ ಬಾಹ್ (ಅಣ್ಣ), ಅಂದೆ. ಇದು ಅವರನ್ನು ಒಪ್ಪಿಸಲು ಆಡಿದ ಮಾತಲ್ಲ. ಒಂದು ಒಳ್ಳೆಯ ಸ್ಟ್ಯಾಲಗ್ಮೈಟ್ ಬೆಳೆಯಲು ಸಾವಿರಾರು ವರ್ಷ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಅದನ್ನು ಕಿತ್ತು ತಂದು, ಕೊನೆಗೆ ವಯಸ್ಸೇ ಸಿಗಲಿಲ್ಲ ಅಂತ ಮೂಲೆಗೆ ಹಾಕಿದವರನ್ನು ನಾನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ಕಲ್ಲಿಗೆ ಕೈ ಹಾಕುವ ಮೊದಲು ಹನಿ ನೋಡಬೇಕು. ನಾನು ಈ ಕೆಲಸಕ್ಕೆ ಬರುವವರಿಗೆ ಹಟ ಹಿಡಿದು ಹೇಳುವುದು ಇದನ್ನೇ. ಈಗ ಬೀಳುತ್ತಿರುವ ಹನಿ ಏನು ಹೇಳುತ್ತಿದೆ ಅಂತ ಗೊತ್ತಿಲ್ಲದೆ, 4,000 ವರ್ಷದ ಹಿಂದೆ ಬಿದ್ದ ಹನಿಯ ಮಾತು ಅರ್ಥವಾಗುವುದು ಹೇಗೆ?

ಹನಿ ಬೀಳುವ ಜಾಗದಲ್ಲಿ ಒಂದು ಪುಟ್ಟ ಡಬ್ಬಿ ಇಡುತ್ತೇವೆ. ಹನಿ ಬಡಿದಾಗಲೆಲ್ಲ ಅದು ಸದ್ದು ಕೇಳಿ ಲೆಕ್ಕ ಬರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗುಹೆಯೊಳಗೆ ಹೊಳೆಯೇ ಹರಿಯುವುದರಿಂದ ನಾವು ಒಳಗೆ ಹೋಗುವುದು ಹೆಚ್ಚಾಗಿ ಚಳಿಗಾಲದಲ್ಲಿ. ಉಳಿದ ತಿಂಗಳು ಡಬ್ಬಿಯೇ ನಮ್ಮ ಕಾವಲು. ಪಕ್ಕದ ಇನ್ನೊಂದು ಹನಿಯ ಕೆಳಗೆ ತೂಕ ಮಾಡಿದ ಗಾಜಿನ ಬಿಲ್ಲೆ ಇಟ್ಟು ಬರುತ್ತೇವೆ. ಮುಂದಿನ ಸಲ ಹೋದಾಗ ಅದರ ಮೇಲೆ ಸಕ್ಕರೆ ಹರಳಿನಂಥ ಸುಣ್ಣದ ಪೊರೆ ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಮಿಣುಗುತ್ತದೆ. ಹನಿ ಬೀಳುವ ನಡುಭಾಗದಲ್ಲಿ ಹರಳು ಒತ್ತಾಗಿರುತ್ತದೆ, ಅಂಚಿಗೆ ಹೋದಂತೆ ತೆಳುವಾಗುತ್ತದೆ. ಆ ಪೊರೆಯ ಆಕ್ಸಿಜನ್ ಅಳೆದು, ಅದೇ ಹನಿಯ ನೀರಿನ ಆಕ್ಸಿಜನ್ ಜೊತೆ ತಾಳೆ ನೋಡಬೇಕು. ಗುಹೆಯ ಉಷ್ಣತೆಗೆ ತಕ್ಕಂತೆ ಎರಡೂ ಹೊಂದಿದರೆ ಆ ಜಾಗ ನಂಬಿಕೆಗೆ ಯೋಗ್ಯ. ಹೊಂದದಿದ್ದರೆ ಅಲ್ಲಿ ಗಾಳಿಯಾಡುತ್ತಿದೆ, ನೀರು ಆವಿಯಾಗುತ್ತಿದೆ, ಇಲ್ಲವೇ ಅನಿಲ ಜಾಸ್ತಿ ವೇಗವಾಗಿ ಹೊರಗೆ ಹೋಗುತ್ತಿದೆ ಅಂತ ಲೆಕ್ಕ. ಗುಹೆಯ ಬಾಯಿಯ ಹತ್ತಿರದ ಕಲ್ಲು ಎಷ್ಟೇ ಚೆಂದವಿದ್ದರೂ ನಾನು ಮುಟ್ಟದಿರುವುದು ಇದಕ್ಕೇ.

ಹೊರಗಿನ ಮಳೆಯನ್ನೂ ಹಿಡಿಯಬೇಕು. ಊರಿನ ಮೇಷ್ಟ್ರೊಬ್ಬರು ಅದನ್ನು ನೋಡಿಕೊಂಡರು. ಮಳೆ ಹಿಡಿಯುವ ಡಬ್ಬದಲ್ಲಿ ನೀರಿನ ಮೇಲೆ ತೇಲುವಂತೆ ಸ್ವಲ್ಪ ಪ್ಯಾರಾಫಿನ್ ಎಣ್ಣೆ ಹಾಕುತ್ತೇವೆ. ಇಲ್ಲದಿದ್ದರೆ ಹಗುರ ನೀರು, ಅಂದರೆ ಆಕ್ಸಿಜನ್ 16 ಇರುವ ನೀರು, ಮೊದಲು ಆವಿಯಾಗಿ ಲೆಕ್ಕ ಕೆಡುತ್ತದೆ. ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಒಳಗೆ ಒಂದು ಗಾಳಿಗುಳ್ಳೆಯೂ ಇಲ್ಲದಂತೆ ಮುಚ್ಚಬೇಕು. ಮೇಷ್ಟ್ರು ಇದನ್ನು ನಮ್ಮ ಲ್ಯಾಬಿನವರಿಗಿಂತ ಶಿಸ್ತಾಗಿ ಮಾಡುತ್ತಿದ್ದರು.

ಅಲ್ಲಿನ ಮಳೆ ಪುಸ್ತಕದ ಮಾತು ಕೇಳುವುದಿಲ್ಲ. ಮಳೆ ಹೆಚ್ಚಾದಷ್ಟೂ ಆಕ್ಸಿಜನ್ 18 ಕಡಿಮೆ ಎಂಬ ನಿಯಮ ಉಷ್ಣವಲಯದ ಬಹಳ ಕಡೆ ಓಡುತ್ತದೆ. ಸೊಹ್ರಾದಲ್ಲಿ ಜೋರು ಮಳೆ ಜೂನ್, ಜುಲೈನಲ್ಲಿ. ಆದರೆ ತೀರಾ ಹಗುರ ನೀರು ಬೀಳುವುದು ಮಳೆಗಾಲ ಮುಗಿಯುತ್ತಾ ಬಂದಾಗ. ಸೆಬಾಸ್ಟಿಯನ್ ಬ್ರೈಟನ್‌ಬಾಖ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2010ರಲ್ಲೇ ಇದನ್ನು ತೋರಿಸಿದ್ದರು. ಆವಿ ಎಲ್ಲಿಂದ ಎದ್ದು, ಎಷ್ಟು ದೂರ ಬಂತು ಅನ್ನುವುದೇ ಅಲ್ಲಿ ದೊಡ್ಡ ವಿಷಯ. ಮಳೆಗಾಲದ ಕೊನೆಗೆ ಗಂಗಾ, ಬ್ರಹ್ಮಪುತ್ರದ ನೀರು ಬಂಗಾಳಕೊಲ್ಲಿಗೆ ಸೇರಿ ಮೇಲ್ಭಾಗದ ನೀರನ್ನೇ ಹಗುರ ಮಾಡಿರುತ್ತದೆ. ಅಲ್ಲಿಂದ ಎದ್ದ ಮೋಡವೂ ಹಗುರವೇ. ಹಾಗಾಗಿ ಮೇಘಾಲಯದ ಕಲ್ಲು ಹೇಳುವುದು ಸೊಹ್ರಾದ ಅಂಗಳದಲ್ಲಿ ಬಿದ್ದ ಮಳೆಯ ಕಥೆಯನ್ನಲ್ಲ. ಇಡೀ ಮುಂಗಾರು ಎಷ್ಟು ಬಲವಾಗಿತ್ತು, ಯಾವ ದಾರಿಯಲ್ಲಿ ಬಂತು ಅನ್ನುವುದನ್ನು. ನನ್ನ ಪ್ರಕಾರ ಇದು ಕೊರತೆ ಅಲ್ಲ. ಒಂದು ಊರಿನ ಮಳೆಗಿಂತ ಮುಂಗಾರಿನ ಸುದ್ದಿ ದೊಡ್ಡದು. ಆದರೆ ಗ್ರಾಫಿನ ಪಕ್ಕದಲ್ಲಿ "ಮಳೆ" ಅಂತ ಬರೆದು ಬಾಣ ಹಾಕುವಾಗ ಕೈ ಸ್ವಲ್ಪ ತಡೆಯಬೇಕು.

ಇನ್ನು ಕಲ್ಲು. ಮೇಣದಬತ್ತಿಯ ಹಾಗೆ ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇರುವುದನ್ನು ಆರಿಸುತ್ತೇನೆ. ಹನಿ ಒಂದೇ ಹದದಲ್ಲಿ ಬಿದ್ದಿದೆ ಅನ್ನುವುದಕ್ಕೆ ಅದು ಗುರುತು. ವಜ್ರದ ಹಲ್ಲಿನ ಗರಗಸದಲ್ಲಿ, ನೀರು ಬಿಡುತ್ತಾ, ಉದ್ದಕ್ಕೆ ಸೀಳಿ ಪಾಲಿಶ್ ಮಾಡಿದರೆ ಒಳಗಿನ ಪಟ್ಟೆಗಳು ಎದ್ದು ಕಾಣುತ್ತವೆ. ಹಾಲುಬಿಳಿ, ಜೇನುಬಣ್ಣ, ಅಲ್ಲಲ್ಲಿ ಕಂದು ಗೆರೆ. ಕಂದು ಗೆರೆ ಕಂಡರೆ ಹುಷಾರಾಗಿರಬೇಕು. ಪ್ರವಾಹದ ಕೆಸರು ಕೂತಿರಬಹುದು, ಇಲ್ಲವೇ ಹನಿ ನಿಂತು ಕಲ್ಲು ಬೆಳೆಯದೆ ನೂರಾರು ವರ್ಷ ಹಾಗೇ ಇದ್ದಿರಬಹುದು.

ವಯಸ್ಸು ತಿಳಿಯಲು ಯುರೇನಿಯಂ ಮತ್ತು ಥೋರಿಯಂ ಬೇಕು. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ ಅಂದರೂ ಸರಿ. ಅಂದಮೇಲೆ ಹನಿಯ ಜೊತೆ ಕಲ್ಲಿಗೆ ಬರುವುದು ಯುರೇನಿಯಂ ಮಾತ್ರ. ಕಲ್ಲಿನೊಳಗೆ ಯುರೇನಿಯಂ 234 ನಿಧಾನವಾಗಿ ಥೋರಿಯಂ 230 ಆಗುತ್ತಾ ಹೋಗುತ್ತದೆ. ಎಷ್ಟು ಥೋರಿಯಂ ಕೂಡಿದೆ ಅಂತ ಅಳೆದರೆ ಎಷ್ಟು ಕಾಲ ಆಯಿತು ಅಂತ ಗೊತ್ತಾಗುತ್ತದೆ. ಈ ವಿಧಾನ 6 ಲಕ್ಷ ವರ್ಷದ ಆಚೆಗೂ ಹೋಗುತ್ತದೆ. ಚೀನಾದ ಗುಹೆಗಳಿಂದ 6,40,000 ವರ್ಷದ ಮುಂಗಾರಿನ ದಾಖಲೆ ಕಟ್ಟಿ 2016ರಲ್ಲಿ ಪ್ರಕಟಿಸಿದ್ದಾರೆ. ಆದರೆ ಕೆಸರು ಸೇರಿದರೆ ಅದರ ಜೊತೆ ಹೊರಗಿನ ಥೋರಿಯಂ ಕೂಡ ಬರುತ್ತದೆ. ಆಗ ಕಲ್ಲು ಇರುವುದಕ್ಕಿಂತ ಮುದುಕನಾಗಿ ಕಾಣುತ್ತದೆ. ಥೋರಿಯಂ 232 ನೋಡಿ ಆ ಕಲಬೆರಕೆಯನ್ನು ಕಳೆಯುವ ಲೆಕ್ಕ ಇದೆ. ಆದರೆ ಕಳೆಯುವುದು ಜಾಸ್ತಿಯಾದಷ್ಟೂ ವಯಸ್ಸಿನ ಅನುಮಾನವೂ ಜಾಸ್ತಿ. ಅದಕ್ಕೇ ಕಾಸು ಖರ್ಚು ಮಾಡುವುದಾದರೆ ಆಕ್ಸಿಜನ್ ಅಳತೆಗಿಂತ ಮೊದಲು ಎರಡು ತುದಿಯ ವಯಸ್ಸಿಗೆ ಮಾಡಿ ಅನ್ನುತ್ತೇನೆ.

ಆಕ್ಸಿಜನ್ ಅಳತೆ ಸುಲಭ, ಬೇಸರದ್ದು. ಹಲ್ಲಿನ ಡಾಕ್ಟರ್ ಬಳಸುವಂಥ ಸಣ್ಣ ಡ್ರಿಲ್‌ನಲ್ಲಿ ಬೆಳವಣಿಗೆಯ ನಡುಗೆರೆಯ ಉದ್ದಕ್ಕೂ ಪುಡಿ ತೆಗೆಯುತ್ತಾ ಹೋಗುವುದು. ಪ್ರತಿ ಸಲ ಡ್ರಿಲ್ ಮುಳ್ಳನ್ನು ಒರೆಸಬೇಕು, ಪುಡಿ ಊದಿ ತೆಗೆಯಬೇಕು. ಆ ಪುಡಿಗೆ ಫಾಸ್ಫಾರಿಕ್ ಆಮ್ಲ ಹಾಕಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದು ಹಗುರ, ಭಾರದ ಆಕ್ಸಿಜನ್ ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹೋಗುತ್ತದೆ. ಒಂದೇ ಪದರದ ಉದ್ದಕ್ಕೂ ಕೆಲವು ಕಡೆ ಪುಡಿ ತೆಗೆದು ಪರೀಕ್ಷಿಸುವುದೂ ಇದೆ. ಒಂದೇ ಪದರ ಅಂದರೆ ಒಂದೇ ಕಾಲದ್ದು, ಆಕ್ಸಿಜನ್ ಬೇರೆ ಬೇರೆ ಬರಬಾರದು. ಇದಕ್ಕೆ ಹೆಂಡಿ ಪರೀಕ್ಷೆ ಅಂತಾರೆ, 1971ರದ್ದು. ಹೆಂಡಿ ಎಂಬುದು ವಿಜ್ಞಾನಿಯ ಹೆಸರು, ನಮ್ಮ ಕಡೆ ಹೆಂಡಿ ಅಂದರೆ ಸಗಣಿ, ಹಾಗಾಗಿ ಕೇಳಿದವರು ನಕ್ಕೇ ನಗುತ್ತಾರೆ.

ಡ್ರಿಲ್ ಮುಳ್ಳಿನ ದಪ್ಪ ಮರೆಯಬಾರದು. ಕಲ್ಲು ವರ್ಷಕ್ಕೆ 0.1 ಮಿಲಿಮೀಟರ್ ಬೆಳೆದಿದೆ, ಮುಳ್ಳು 0.5 ಮಿಲಿಮೀಟರ್ ಅಂದರೆ ಒಂದು ಚಿಟಿಕೆ ಪುಡಿಯಲ್ಲಿ ಐದು ವರ್ಷ ಬೆರೆತಿರುತ್ತದೆ. ಒಂದೇ ವರ್ಷದ ಬರ ಅದರಲ್ಲಿ ಮುಳುಗಿಹೋಗುತ್ತದೆ. ಸತತ ಹತ್ತಿಪ್ಪತ್ತು ವರ್ಷ ಮಳೆ ಕೈಕೊಟ್ಟಿದ್ದರೆ ಮಾತ್ರ ತಲೆ ಎತ್ತಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದು ಮಾವ್ಮಲು ಗುಹೆಯ ವಿಷಯಕ್ಕೆ ಬರಬೇಕು ಅಂತ. ಸೊಹ್ರಾದ ಹತ್ತಿರವೇ ಇದೆ, ಸುಮಾರು 7 ಕಿಲೋಮೀಟರ್ ಉದ್ದ. ಈ ಗುಹೆಯ ಒಂದು ಸ್ಟ್ಯಾಲಗ್ಮೈಟ್‌ನಲ್ಲಿ ಸುಮಾರು 4,200 ವರ್ಷದ ಹಿಂದೆ ಮುಂಗಾರು ದುರ್ಬಲವಾದ ಗುರುತು ಸಿಕ್ಕಿತು. ಅದನ್ನೇ ಆಧಾರವಾಗಿಟ್ಟುಕೊಂಡು 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಅಂತ ಹೆಸರಿಟ್ಟರು. ಹೆಮ್ಮೆಯ ವಿಷಯ, ನಿಜ. ಆದರೆ ಅದೇ ಗುಹೆಯ ಬೇರೆ ಕಲ್ಲುಗಳನ್ನು ಇನ್ನೂ ಒತ್ತೊತ್ತಾದ ವಯಸ್ಸಿನ ಅಳತೆಯೊಂದಿಗೆ ನೋಡಿದಾಗ ಚಿತ್ರ ಅಷ್ಟು ನೇರವಾಗಿ ಬರಲಿಲ್ಲ. ಒಂದೇ ಏಟಿಗೆ ಬಂದ ಬರವೋ, ಬಿಟ್ಟು ಬಿಟ್ಟು ಬಂದ ಬರಗಳೋ ಎಂಬ ವಾದ ಇನ್ನೂ ನಡೆದಿದೆ. ಉತ್ತರಾಖಂಡದ ಧರ್ಮಜಾಲಿ ಗುಹೆಯ ಕಲ್ಲು ಆ ಕಾಲದಲ್ಲಿ 25ರಿಂದ 90 ವರ್ಷ ಎಳೆದ ಮೂರು ಬರಗಳನ್ನು ತೋರಿಸುತ್ತದೆ. ಹರಪ್ಪದ ಊರುಗಳು ಬರಿದಾದದ್ದಕ್ಕೆ ಇದನ್ನು ಜೋಡಿಸುವವರಿದ್ದಾರೆ. ನನಗೆ "ಬರ ಬಂತು, ಹರಪ್ಪ ಮುಳುಗಿತು" ಅನ್ನುವ ಒಂದು ಸಾಲಿನ ಕಥೆ ಹಿಡಿಸುವುದಿಲ್ಲ. ಜನ ಬೆಳೆ ಬದಲಿಸುತ್ತಾರೆ, ಊರು ಬಿಡುತ್ತಾರೆ, ಸಣ್ಣ ಊರು ಕಟ್ಟುತ್ತಾರೆ. ಕಲ್ಲಿನಲ್ಲಿ ಅದ್ಯಾವುದೂ ಬರೆದಿರುವುದಿಲ್ಲ.

ನಮ್ಮ ನಾಡಿಗೆ ಹತ್ತಿರದ ಕೆಲಸವೂ ಆಗಿದೆ. ಉತ್ತರ ಕನ್ನಡದ ಆಕಳಗವಿಯ ಸ್ಟ್ಯಾಲಗ್ಮೈಟ್ ಒಂದರಲ್ಲಿ ವರ್ಷಕ್ಕೊಂದರಂತೆ ಪದರ ಇತ್ತು. ಅದನ್ನು ಎಣಿಸಿ 331 ವರ್ಷದ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದರು. ಛತ್ತೀಸ್‌ಗಢದ ದಂಡಕ್ ಗುಹೆಯ ಕಲ್ಲು 14ನೇ ಶತಮಾನದಿಂದ 15ರ ಆರಂಭದವರೆಗೆ ಮುಂಗಾರು ಮತ್ತೆ ಮತ್ತೆ ಸೊರಗಿದ್ದನ್ನು ತೋರಿಸುತ್ತದೆ. ದಖ್ಖನ್ನಿನಲ್ಲಿ ದುರ್ಗಾದೇವಿ ಬರ ಅಂತ ಕರೆಯುವ 1396ರಿಂದ 1407ರ ಕ್ಷಾಮ ಬಂದದ್ದೂ ಅದೇ ಹೊತ್ತಿಗೆ. ಆಗ ನಮ್ಮ ಕಲಬುರಗಿ ಬಹಮನಿಗಳ ರಾಜಧಾನಿ.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಸೀಳಿದ ಕಲ್ಲಿನ ಅರ್ಧ ಭಾಗಕ್ಕೆ ಡ್ರಿಲ್ ಹಾಕಬೇಡಿ. ಎಲ್ಲಿಂದ, ಯಾವಾಗ, ಯಾವ ಹನಿಯ ಕೆಳಗಿಂದ ತಂದದ್ದು ಅಂತ ಬರೆದು ಎತ್ತಿಡಿ. ಯಂತ್ರಗಳಿಗೆ ಬೇಕಾಗುವ ಪುಡಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹತ್ತು ವರ್ಷದ ನಂತರ ಬೇರೆ ಯಾರೋ ಅದೇ ಕಲ್ಲನ್ನು ಕೇಳಿಕೊಂಡು ಬರುತ್ತಾರೆ. ಆಗ ಅವರು ಇನ್ನೊಂದು ಗುಹೆಗೆ ಗರಗಸ ಹಿಡಿದು ಹೋಗಬೇಕಾಗಿಲ್ಲ.