ಅಡಿಕೆ ಪಂಪು, ಬಚ್ಚಲೊಲೆ ಮತ್ತು ಕ್ರಷರ್ ಧೂಳು

ಹೋದ ತಿಂಗಳು ಪಕ್ಕದ ಕ್ರಷರ್‌ನ ಮ್ಯಾನೇಜರ್ ನಮ್ಮಲ್ಲಿಗೆ ಬಂದಿದ್ದರು. ಬಿಳಿ ಅಂಗಿ ಹಾಕಿಕೊಂಡಿದ್ದರು. ಮೆಷಿನ್ ಓಡುತ್ತಿದ್ದಾಗಲೇ, ಒಡೆದ ಕಲ್ಲು ಜರಡಿ ಹಿಡಿಯುವ ಸ್ಕ್ರೀನ್ ಪಕ್ಕ ಹತ್ತು ನಿಮಿಷ ನಿಂತರು. ಆಮೇಲೆ ಭುಜದ ಮೇಲೆ ಬೆರಳು ಎಳೆದು ನೋಡಿಕೊಂಡರು, ಧೂಳಿಲ್ಲ. "ಎಂತ ಮಾಡಿದ್ರಿ ಮಾರಾಯ್ರೆ?" ಎಂದರು. ನಾಲ್ಕು ವರ್ಷದ ಹಿಂದೆ ಇವರೇ "ಕಲ್ಲು ಒಡೆಯೋನು ಧೂಳು ಬ್ಯಾಡ ಅಂದ್ರೆ, ಮೀನು ಹಿಡಿಯೋನು ನೀರು ಬ್ಯಾಡ ಅಂದಂಗೆ" ಅಂತ ನಾಲ್ಕು ಜನರ ಮುಂದೆ ನಕ್ಕಿದ್ದರು. ಅದಕ್ಕೇ ನಮ್ಮ ಕ್ರಷರ್‌ನಲ್ಲಿ ಧೂಳು ಹೇಗೆ ಕಮ್ಮಿ ಆಯಿತು ಅಂತ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ಹತ್ತಿರದ ಒಂದು ಕ್ವಾರಿಯಲ್ಲಿ ಫೋರ್‌ಮನ್. ಊರು ಹೊಸನಗರ ಕಡೆ. ಮನೆಯಲ್ಲಿ ಎರಡು ಎಕರೆ ಅಡಿಕೆ ಇದೆ. ಈ ತೋಟ ಸುಮ್ನೆ ಹೇಳಿದ್ದಲ್ಲ, ಮುಂದೆ ಕೆಲಸಕ್ಕೆ ಬರುತ್ತೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ, ಕಲ್ಲು ಸಿಡಿಸುವ ಜಿಲೆಟಿನ್ ಸಿಡಿದದ್ದು ನಮ್ಮ ಕಡೆ ಯಾರಿಗೂ ಮರೆತಿಲ್ಲ. ಭೂಕಂಪ ಅಂತ ಹೆದರಿ ಜನ ಮನೆಯಿಂದ ಹೊರಗೆ ಓಡಿಬಂದರು. ಚಿಕ್ಕಮಗಳೂರು, ದಾವಣಗೆರೆ ಕಡೆವರೆಗೂ ನಡುಕ ಗೊತ್ತಾಯಿತು. ಅಲ್ಲಿಂದ ಮುಂದೆ ಸೇಫ್ಟಿ ಅಂದರೆ ಸಿಡಿಮದ್ದು ಒಂದೇ ಅನ್ನುವ ಹಾಗಾಯಿತು. ಮ್ಯಾಗಝಿನ್ (ಸಿಡಿಮದ್ದಿನ ಕೋಣೆ) ಬೀಗ, ರಿಜಿಸ್ಟರ್, ಬ್ಲಾಸ್ಟರ್ ಸರ್ಟಿಫಿಕೇಟ್. ಬೇಕಾದ್ದೇ, ಬೇಡ ಅನ್ನಲ್ಲ. ಆದರೆ ಆ ಸ್ಫೋಟದ ಮೇಲೆ ಕ್ವಾರಿ ಕೆಲಸ ನಿಂತಿದ್ದ ತಿಂಗಳುಗಳಲ್ಲೇ ನಮ್ಮ ಡ್ರಿಲ್ಲರ್ ಒಬ್ಬನ ಎಕ್ಸ್‌ರೇ ನನ್ನ ಕೈಗೆ ಬಂತು.

ಸೇಲಂ ಕಡೆಯವನು. ನನಗಿಂತ ಎರಡು ವರ್ಷ ಚಿಕ್ಕವನು, ಅಣ್ಣ ಅಂತಲೇ ಕರೆಯುತ್ತಿದ್ದ. ಎರಡು ಸಲ ಟಿಬಿ ಅಂತ ಹೇಳಿಸಿಕೊಂಡು, ಎರಡು ಸಲವೂ ಆರಾರು ತಿಂಗಳು ಮಾತ್ರೆ ನುಂಗಿದ್ದ. ಮೂರನೇ ಡಾಕ್ಟರು ಫಿಲ್ಮ್ ನೋಡಿ, "ಏನು ಕೆಲಸ ಮಾಡ್ತೀಯಪ್ಪ?" ಅಂತ ಕೇಳಿದರು. ಮೊದಲಿನ ಇಬ್ಬರೂ ಅದನ್ನು ಕೇಳಿರಲಿಲ್ಲ. ಸಿಲಿಕೋಸಿಸ್, ಕಲ್ಲಿನ ಧೂಳಿನಲ್ಲಿರುವ ಸಿಲಿಕಾದಿಂದ ಬರುವ ಶ್ವಾಸಕೋಶದ ಕಾಯಿಲೆ. ವಾಸಿ ಆಗುವ ಕಾಯಿಲೆ ಅಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಅವನು ಊರಿಗೆ ಹೋದ. ನಾನು ಒಂದು ನೋಟ್‌ಬುಕ್ ತಂದೆ.

ಮೊದಲ ಪ್ರಯತ್ನ ಮಾಸ್ಕು. ಎನ್-95, ಇನ್ನೂರು ಪೀಸು, ಸುಮಾರು ಆರು ಸಾವಿರ ನನ್ನ ಕೈಯಿಂದ. ಒಂದೇ ವಾರದಲ್ಲಿ ಎಲ್ಲವೂ ಗಲ್ಲದ ಕೆಳಗೆ ಬಂದವು. ಏಪ್ರಿಲ್ ಬಿಸಿಲಿನಲ್ಲಿ ಜ್ಯಾಕ್ ಹ್ಯಾಮರ್ ಹಿಡಿದವನು ಮಾಸ್ಕಿನೊಳಗೆ ಉಸಿರಾಡುವುದು ಹೇಗಿರುತ್ತೆ ಅಂತ ನಾನೂ ಅರ್ಧ ಗಂಟೆ ಹಾಕಿ ನೋಡಿದೆ. ಆಮೇಲೆ ಯಾರನ್ನೂ ಬೈಯಲಿಲ್ಲ. ಗಡ್ಡ ಇದ್ದರೆ ಹೇಗೂ ಪಕ್ಕದಿಂದ ಧೂಳು ನುಗ್ಗುತ್ತೆ. ಎಲೆ-ಅಡಿಕೆ ಹಾಕುವವರಿಗಂತೂ ಸಾಧ್ಯವೇ ಇಲ್ಲ. ಒಬ್ಬ ಅದನ್ನು ಮೊಬೈಲಿಗೆ ಚೀಲ ಮಾಡಿಕೊಂಡಿದ್ದ.

ಎರಡನೆಯದು ನೀರು. ನಮ್ಮ ಕ್ರಷರ್‌ನಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ ಅಂತಲ್ಲ, ಇತ್ತು. ಇನ್‌ಸ್ಪೆಕ್ಷನ್ ದಿನ ಚೆನ್ನಾಗಿಯೇ ಹಾರುತ್ತಿತ್ತು. ಅದನ್ನೇ ದಿನವಿಡೀ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಸ್ಕ್ರೀನಿನ ಜಾಲರಿ ರಾಡಿ ಕಟ್ಟಿಕೊಂಡಿತು, ಬೆಲ್ಟ್ ಜಾರತೊಡಗಿತು, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಇಡ್ಲಿ ಹಿಟ್ಟಿನ ಹಾಗಾಯಿತು. ಮಾಲೀಕರು ಬಂದು ಏನೂ ಹೇಳದೆ ವಾಲ್ವ್ ತಿರುಗಿಸಿ ಹೋದರು. ಅವತ್ತು ಆರು ಲೋಡು ಹೋಗಲಿಲ್ಲ, ನಷ್ಟ ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಅಷ್ಟು ನೀರು ಸುರಿದರೂ ಸಂಜೆ ಬಿಸಿಲಿಗೆ ಅಡ್ಡ ನೋಡಿದರೆ ಸಣ್ಣ ಧೂಳು ಆಡುತ್ತಲೇ ಇತ್ತು. ಹನಿ ದಪ್ಪ ಇದ್ದರೆ ಸಣ್ಣ ಕಣ ಅದಕ್ಕೆ ತಾಗೋದೇ ಇಲ್ಲ, ಹನಿಯ ಸುತ್ತ ಸರಿಯುವ ಗಾಳಿಯ ಜೊತೆ ಪಕ್ಕಕ್ಕೆ ಜಾರುತ್ತೆ. ನೆಲಕ್ಕೆ ಬೀಳುವ ದಪ್ಪ ಪುಡಿಯನ್ನಷ್ಟೇ ನಾನು ಒದ್ದೆ ಮಾಡುತ್ತಿದ್ದೆ. ಶ್ವಾಸಕೋಶದ ತಳಕ್ಕೆ ಇಳಿಯುವ ಪುಡಿ ಆರಾಮಾಗಿ ತಿರುಗಾಡುತ್ತಿತ್ತು.

ಆ ಮಳೆಗಾಲಕ್ಕೆ ಊರಿಗೆ ಹೋದಾಗ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ಮರ ಹತ್ತುವ ಕೊನೆಗೌಡ ಮೇಲಿಂದ ನಾಜಲ್ ತಿರುಗಿಸಿದಾಗ ದ್ರಾವಣ ಹೊಗೆಯ ಹಾಗೆ ಹರಡಿ ಗೊನೆಗೆ ಅಂಟಿಕೊಳ್ಳುತ್ತಿತ್ತು. ಅಲ್ಲೇ ಕೆಳಗೆ ನಿಂತು ನೋಡುತ್ತಿದ್ದ ನನಗೆ, ನಮಗೆ ಬೇಕಾದ ಹನಿ ಇದೇ ಅಲ್ವಾ ಅನ್ನಿಸಿತು. ಮನೆಯಲ್ಲಿದ್ದ ಔಷಧಿ ಹೊಡೆಯುವ ಹಳೆ ಎಚ್‌ಟಿಪಿ ಪಂಪನ್ನು ಕೊಳೆ ಔಷಧಿ ಮುಗಿದ ಮೇಲೆ ಶಿವಮೊಗ್ಗಕ್ಕೆ ತಂದೆ. ಅಪ್ಪಯ್ಯ ಈಗಲೂ ಅದರ ಬಾಡಿಗೆ ಕೇಳುತ್ತಾರೆ.

ಹಿತ್ತಾಳೆ ಫಾಗರ್ ನಾಜಲ್ ಇಪ್ಪತ್ನಾಲ್ಕು, ಒಂದಕ್ಕೆ ಎಪ್ಪತ್ತೋ ಎಂಬತ್ತೋ. ಪೈಪು, ಕ್ಲಾಂಪು, ಫಿಲ್ಟರ್ ಸೇರಿ ಮೊದಲ ಖರ್ಚು ಒಂಬತ್ತು ಸಾವಿರದ ಆಸುಪಾಸು. ಹಾಕಿದ ಎರಡೇ ದಿನದಲ್ಲಿ ಗಾಳಿ ಅಷ್ಟೂ ಮಂಜನ್ನು ಹೊತ್ತುಕೊಂಡು ಹೋಗಿ ಆಫೀಸಿನ ಕಂಪ್ಯೂಟರ್ ಮೇಲೆ ಕೂರಿಸಿತು. ನಾಲ್ಕನೇ ದಿನ ಅರ್ಧ ನಾಜಲ್ ಕಟ್ಟಿಕೊಂಡವು. ಬೋರ್‌ವೆಲ್ ನೀರು, ಸುಣ್ಣ ಬೇರೆ ಜಾಸ್ತಿ.

ಸುಣ್ಣ ಕರಗಿಸುವುದಕ್ಕೆ ಮಾಡಿದ ಪ್ರಯೋಗ ನನಗೆ ಈಗಲೂ ಖುಷಿ ಕೊಡುತ್ತೆ. ಅಮ್ಮ ಕೊಟ್ಟಿದ್ದ ಒಣ ಉಪ್ಪಾಗೆ ಸಿಪ್ಪೆ ಕುದಿಸಿ, ಆ ಹುಳಿ ನೀರಿನಲ್ಲಿ ರಾತ್ರಿ ನಾಜಲ್ ನೆನೆಸಿಟ್ಟೆ. ಬೆಳಗ್ಗೆ ಊದಿದರೆ ಸಿಳ್ಳೆ ಹೊಡೆದ ಹಾಗೆ ಗಾಳಿ ಬರುತ್ತೆ. ಒಂದು ರಾತ್ರಿ ಮಾತ್ರ. ಒಮ್ಮೆ ಮರೆತು ಮೂರು ದಿನ ಬಿಟ್ಟಿದ್ದೆ, ಹಿತ್ತಾಳೆ ಕೆಂಪು ತಿರುಗಿ ತೂತು ದೊಡ್ಡದಾಗಿ ಎಂಟು ನಾಜಲ್ ಹಾಳಾದವು.

ನೀರು ಧೂಳನ್ನು ಬೇಗ ಹಿಡಿಯಲಿ ಅಂತ ನೋಡಿದ ಅಂಟುವಾಳದ ಕತೆ ಮಾತ್ರ ಸೋಲು. ಒಂದು ಲೋಟ ಬರೀ ನೀರು, ಇನ್ನೊಂದರಲ್ಲಿ ಅಂಟುವಾಳ ಕಿವುಚಿದ ನೀರು ಇಟ್ಟುಕೊಂಡು, ಎರಡರ ಮೇಲೂ ಸ್ಕ್ರೀನಿನ ಸಣ್ಣ ಪುಡಿ ಉದುರಿಸಿದೆ. ಬರೀ ನೀರಿನ ಮೇಲೆ ಸ್ವಲ್ಪ ಪುಡಿ ಕೆನೆಯ ಹಾಗೆ ತೇಲಿತು, ಅಂಟುವಾಳದ್ದರಲ್ಲಿ ತಕ್ಷಣ ಮುಳುಗಿತು. ಗೆದ್ದೆ ಅಂದುಕೊಂಡು ಟ್ಯಾಂಕಿಗೇ ಹಾಕಿದೆ. ಧೂಳಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಲ್ಲಿದ್ದಲ ಧೂಳು ನೀರನ್ನು ಒಲ್ಲೆ ಅನ್ನುತ್ತೆ, ಅದಕ್ಕೆ ಸೋಪು ಬೇಕು. ನಮ್ಮ ಕಲ್ಲಿನ ಪುಡಿ ಹಾಗಲ್ಲ, ನೀರು ಸಿಕ್ಕರೆ ಸಾಕು. ಮೇಲಿಂದ ಎಂ-ಸ್ಯಾಂಡಿನಲ್ಲಿ ನೊರೆ ಉಳಿದುಕೊಂಡಿತು. ಆ ನೊರೆ ಕಾಂಕ್ರೀಟಿಗೆ ಹೋದರೆ ಗಾಳಿ ಗುಳ್ಳೆ ಹಿಡಿಯುತ್ತೆ. ಗಿರಾಕಿ ಕೇಳುವ ಮೊದಲೇ ನಿಲ್ಲಿಸಿದೆ.

ಕೊನೆಗೆ ಕೆಲಸ ಮಾಡಿದ್ದು ಗುಜರಿ ಸಾಮಾನು. ಹಳೆ ಕನ್ವೇಯರ್ ಬೆಲ್ಟನ್ನು ಒಂದು ಗೇಣು ಅಗಲಕ್ಕೆ ಸೀಳಿ, ಕಲ್ಲು ಒಡೆಯುವ ದವಡೆ, ಅಂದರೆ ಜಾ ಕೆಳಗೆ, ಸ್ಕ್ರೀನ್ ಸುತ್ತ, ಬೆಲ್ಟ್ ಬೀಳುವ ಕಡೆ ಪರದೆಯ ಹಾಗೆ ಇಳಿಬಿಟ್ಟೆ. ಮಂಜು ಆ ಪರದೆಯ ಒಳಗೆ ಮಾತ್ರ. ಒಳಗೆ ಗಾಳಿ ಆಡುವುದಿಲ್ಲ, ಹಾಗಾಗಿ ಹನಿಗೂ ಧೂಳಿಗೂ ಭೇಟಿಯಾಗೋದಕ್ಕೆ ಸಮಯ ಸಿಗುತ್ತೆ. ನೀರು ಮೊದಲಿನ ಐದನೇ ಒಂದು ಭಾಗವೂ ಖರ್ಚಾಗುವುದಿಲ್ಲ. ಬೆಲ್ಟ್ ಮೋಟರಿಗೆ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಜೋಡಿಸಿದ್ದೇನೆ, ಕಲ್ಲು ಓಡಿದರೆ ಮಾತ್ರ ಮಂಜು. ಬೋಲ್ಡರ್ ರಾಶಿಗೆ ಹಿಂದಿನ ರಾತ್ರಿಯೇ ಒಂದು ಟ್ಯಾಂಕರ್ ನೀರು. ಒಡೆದ ಮೇಲೆ ಧೂಳು ಹಿಡಿಯುವುದಕ್ಕಿಂತ ಒದ್ದೆ ಕಲ್ಲು ಒಡೆಯುವುದು ಸುಲಭ. ಕಲ್ಲು ಸುರಿಯುವ ಹಾಪರ್ ಬಾಯಿಗೆ ಮಾತ್ರ ನಾಜಲ್ ಯಾವ ಕೋನದಲ್ಲಿ, ಎಷ್ಟು ಎತ್ತರದಲ್ಲಿ ಅಂತ ಬರೆಯಲ್ಲ. ಅದಕ್ಕೆ ಎಂಟು ತಿಂಗಳು ಹೋಗಿದೆ. ಫಿಲ್ಟರ್ ಡ್ರಮ್ಮಿನೊಳಗೆ ಏನು ತುಂಬಿದ್ದೇನೆ ಅನ್ನೋದನ್ನೂ ಬರೆಯಲ್ಲ. ಬಂದು ಕಾಫಿ ಕುಡಿದರೆ ತೋರಿಸುತ್ತೇನೆ. ಒಟ್ಟು ಖರ್ಚು ಎರಡು ವರ್ಷದಲ್ಲಿ ಅರವತ್ತು ಸಾವಿರ ಆಗಿರಬಹುದು. ಕಂಪನಿಯವರು ಇದೇ ಕೆಲಸಕ್ಕೆ ಏಳು ಲಕ್ಷದ ಕೊಟೇಶನ್ ಕೊಟ್ಟಿದ್ದರು.

ಡ್ರಿಲ್ಲಿಂಗ್ ಬೇರೆಯದೇ ತಲೆನೋವು. ನೀರು ಬಿಟ್ಟು ತೂತು ಹಾಕುವುದು ಹೊಸದೇನಲ್ಲ, ನೂರು ವರ್ಷಕ್ಕಿಂತ ಹಳೆಯದು. ಅಮೆರಿಕದಲ್ಲಿ ನೀರಿಲ್ಲದ ಡ್ರಿಲ್ಲಿಗೆ ಗಣಿಯವರು ಇಟ್ಟ ಹೆಸರು 'ವಿಡೋ ಮೇಕರ್', ವಿಧವೆಯರನ್ನು ಮಾಡುವ ಯಂತ್ರ ಅಂತ. ನೀರಿನ ಹೆಡ್ ಇರುವ ಹ್ಯಾಮರ್ ಸಿಗುತ್ತೆ, ಪ್ರೆಶರ್ ಟ್ಯಾಂಕೂ ಸಿಗುತ್ತೆ. ಸಿಗದೇ ಇದ್ದದ್ದು ಡ್ರಿಲ್ಲರ್‌ಗಳ ಒಪ್ಪಿಗೆ. ಅವರಿಗೆ ಕೂಲಿ ಅಡಿ ಲೆಕ್ಕದಲ್ಲಿ. ಪೈಪು ಎಳೆದಾಡುವುದರಲ್ಲಿ ದಿನಕ್ಕೆ ಹತ್ತಿಪ್ಪತ್ತು ಅಡಿ ಕಮ್ಮಿ ಆಗುತ್ತೆ, ಪುಷ್ಯ ಮಾಸದ ಚಳಿಯಲ್ಲಿ ಕಾಲಿಗೆಲ್ಲ ಕೆಸರು. ತಿಂಗಳುಗಟ್ಟಲೆ ಬುದ್ಧಿ ಹೇಳಿದೆ. ನನ್ನೆದುರು ನೀರು, ನಾನು ಹೋದ ಮೇಲೆ ಒಣ. ಕೊನೆಗೆ ಮಾಲೀಕರ ಕೈಕಾಲು ಹಿಡಿದು ಒದ್ದೆ ತೂತಿಗೆ ಅಡಿಗೆ ಎರಡು ರೂಪಾಯಿ ಜಾಸ್ತಿ ಮಾಡಿಸಿದೆ. ಮರುದಿನದಿಂದ ಎಲ್ಲರಿಗೂ ಆರೋಗ್ಯದ ಕಾಳಜಿ ಬಂತು. ತೂತಿನ ಬಾಯಲ್ಲಿ ರಾಡಿ ಇದ್ದರೆ ಒದ್ದೆ, ಪುಡಿ ಇದ್ದರೆ ಒಣ. ಮೋಸ ಮಾಡೋದಕ್ಕೆ ಆಗಲ್ಲ.

ಧೂಳನ್ನು ಅಳೆಯುವ ವಿಷಯಕ್ಕೆ ಬರುತ್ತೇನೆ. ಮೊದಲು ಸ್ಟೀಲ್ ತಟ್ಟೆ ಇಟ್ಟು ಬಿದ್ದ ಪುಡಿಯನ್ನು ಚಿನ್ನದಂಗಡಿ ತಕ್ಕಡಿಯಲ್ಲಿ ತೂಗುತ್ತಿದ್ದೆ. ದಡ್ಡತನ. ತಟ್ಟೆಗೆ ಬೀಳುವ ಪುಡಿ ಮನುಷ್ಯನನ್ನು ಕೊಲ್ಲುವ ಪುಡಿ ಅಲ್ಲ. ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನ ಮೂಲಕ ಕೆಲಸಗಾರ ಉಸಿರಾಡುವ ಗಾಳಿಯ ಧೂಳು ಹಿಡಿಯುವ ಪರ್ಸನಲ್ ಸ್ಯಾಂಪ್ಲರ್ ಎರಡು ವಾರಕ್ಕೆ ಸಿಕ್ಕಿತು. ಸೊಂಟಕ್ಕೆ ಪಂಪು, ಕಾಲರಿಗೆ ದಪ್ಪ ಪುಡಿ ಬೇರೆ ಮಾಡುವ ಸೈಕ್ಲೋನು. ನಿಮಿಷಕ್ಕೆ 2.2 ಲೀಟರ್ ಎಳೆಯುವ ಹಾಗೆ ಇಟ್ಟರೆ ಎಂಟು ಗಂಟೆಗೆ ಸುಮಾರು ಒಂದು ಘನ ಮೀಟರ್ ಗಾಳಿ. ಫಿಲ್ಟರ್ ಮೇಲೆ ಎಷ್ಟು ಮಿಲಿಗ್ರಾಂ ಕೂತಿತೋ ಹೆಚ್ಚುಕಮ್ಮಿ ಅದೇ ಲೆಕ್ಕ. ಪರದೆ ಎತ್ತಿಕಟ್ಟಿ, ಮಂಜು ನಿಲ್ಲಿಸಿದ ದಿನ ಸ್ಕ್ರೀನ್ ಹುಡುಗನದ್ದು ಮೂರು ಮಿಲಿಗ್ರಾಂ ಮೇಲೆ ಬಂತು. ಎಲ್ಲ ಹಾಕಿದ ದಿನ 0.6ರ ಹತ್ತಿರ. ಲ್ಯಾಬಿನವರು ಆ ಧೂಳಿನಲ್ಲಿ ಸಿಲಿಕಾ ಸುಮಾರು ನೂರಕ್ಕೆ ಇಪ್ಪತ್ತೆಂಟು ಅಂದರು.

ಐದು ಪಾಲಿನಲ್ಲಿ ನಾಲ್ಕು ಪಾಲು ಹೋಯಿತು ಅಂತ ಎದೆ ತಟ್ಟಿಕೊಳ್ಳಬಹುದು, ತಟ್ಟಿಕೊಂಡೆ ಕೂಡ. ಆಮೇಲೆ ನಮ್ಮ ಗಣಿ ನಿಯಮದ ಲೆಕ್ಕ ಹಾಕಿದೆ. 15ನ್ನು ಸಿಲಿಕಾ ಶೇಕಡಾದಿಂದ ಭಾಗಿಸಿ: 15 ಭಾಗ 28, ಅಂದರೆ ಮಿತಿ 0.54. ನಾವಿನ್ನೂ ಒಂದು ಕೂದಲೆಳೆ ಮೇಲೆ. ಅಮೆರಿಕದವರ ಮಿತಿ ಹಿಡಿದರೆ ಬರೀ ಸಿಲಿಕಾ 0.05 ದಾಟಬಾರದು, ನಮ್ಮದು ಅದರ ಮೂರು ಪಟ್ಟು. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನಕ್ಕೆ ಸಿಲಿಕೋಸಿಸ್ ಇತ್ತು. ನಮ್ಮ ರಾಜ್ಯದ್ದೇ ಪಾಠ ಇದು. ಆದರೂ ನಮ್ಮಲ್ಲಿ ಎಷ್ಟು ಕ್ವಾರಿಯವರು ಐದು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿದ್ದಾರೆ ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಹದಿನಾಲ್ಕು ಜನಕ್ಕೆ ಉಸಿರಿನ ಬಿರುಸು ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿ ತಿಂಗಳು ತಿಂಗಳು ಬರೆದಿಟ್ಟಿದ್ದೇನೆ. ಅಂಕಿ ಹೆಚ್ಚೇನೂ ಬದಲಾಗಿಲ್ಲ. ಬದಲಾಗುವುದೂ ಇಲ್ಲ, ಒಳಗೆ ಹೋದದ್ದು ಹೊರಗೆ ಬರಲ್ಲ. ಶುರುವಿನ ಹಂತದ ಸಿಲಿಕೋಸಿಸ್ ಆ ಮೀಟರಿನಲ್ಲಿ ಕಾಣುವುದೂ ಇಲ್ಲ. ಅದನ್ನು ನಂಬಿ ಎಕ್ಸ್‌ರೇ ಬಿಡಬೇಡಿ.

ಸ್ಯಾಂಪ್ಲರ್ ಇದ್ದ ಎರಡು ವಾರದಲ್ಲಿ ಒಂದು ವಿಷಯ ಮಾತ್ರ ನನಗೆ ತಲೆ ಕೆಡಿಸಿತು. ಒಬ್ಬ ಡ್ರಿಲ್ಲರ್ ದಿನವಿಡೀ ನೀರು ಹಾಕಿಯೇ ಕೆಲಸ ಮಾಡಿದ್ದ, ನಾನೇ ನೋಡಿದ್ದೆ. ಆದರೂ ಅವನ ಫಿಲ್ಟರ್ ಬೂದು. ಮರುದಿನ ಸಂಜೆವರೆಗೂ ಅವನ ಹಿಂದೆಯೇ ಇದ್ದೆ. ಕೆಲಸ ಮುಗಿಯಿತು. ಕಂಪ್ರೆಸರ್ ಹೋಸ್ ತೆಗೆದುಕೊಂಡ, ಜೊತೆಯವನು ಕೈ ಅಗಲಿಸಿ ನಿಂತ, ಇವನು ಅವನ ಅಂಗಿ, ಪ್ಯಾಂಟು, ತಲೆಗೆಲ್ಲ ಗಾಳಿ ಹೊಡೆದ. ಆಮೇಲೆ ಅವನು ಇವನಿಗೆ. ಇಬ್ಬರೂ ಬಿಳಿ ಮೋಡದೊಳಗೆ ನಗುತ್ತಾ ನಿಂತಿದ್ದರು. ಎರಡು ನಿಮಿಷ. ದಿನವಿಡೀ ಉಳಿಸಿದ್ದನ್ನು ಅಲ್ಲೇ ಕುಡಿದುಬಿಟ್ಟರು. ನಾನೂ ಹದಿನೇಳು ವರ್ಷ ಹಾಗೇ ಅಂಗಿ ಕೊಡವಿಕೊಂಡು ಮನೆಗೆ ಹೋದವನು.

ಹೋಸ್ ಮುಟ್ಟಬೇಡಿ ಅಂದರೆ ಕೇಳುತ್ತಾರಾ? ಆ ಚಳಿಯಲ್ಲಿ ತಣ್ಣೀರು ಸ್ನಾನ ಯಾರಿಗೆ ಬೇಕು. ಹಾಗಾಗಿ ಒಂದು ಬಚ್ಚಲು ಕಟ್ಟಿಸಿದೆ. ನಮ್ಮ ಕಡೆ ಮನೆಗಳಲ್ಲಿ ಇರುವಂಥದ್ದೇ, ದೊಡ್ಡ ಹಂಡೆ, ಕೆಳಗೆ ಒಲೆ. ಉರುವಲಿಗೆ ಅಡಿಕೆ ಸಿಪ್ಪೆ, ನಮ್ಮ ತೋಟದ್ದೇ, ಟಿಪ್ಪರ್ ಈ ಕಡೆ ಬರುವಾಗ ಹಾಕಿಕೊಂಡು ಬರುತ್ತೆ. ಹದಿನೆಂಟು ಸಾವಿರ ಖರ್ಚು. ಮಾಲೀಕರು "ಇದೇನು ಕ್ರಷರ್ರೋ ಮದುವೆ ಮನೆಯೋ" ಅಂದರು. ಐದೂವರೆಗೆ ಹಂಡೆಯಿಂದ ಹಬೆ ಏಳುವುದು ಕಂಡರೆ ಸಾಕು, ಹುಡುಗರು ತಾವೇ ಓಡುತ್ತಾರೆ. ಕಲ್ಲಿನ ಬಟ್ಟೆ ಅಲ್ಲೇ ಕಳಚಿ ನೀರಿನ ತೊಟ್ಟಿಗೆ. ಮನೆಯಲ್ಲಿ ಹೆಂಡತಿ ಆ ಬಟ್ಟೆ ಕೊಡವುವುದೂ ತಪ್ಪಿತು. ನೋಡಲು ಬಂದವರೆಲ್ಲ ನಾಜಲ್ ಫೋಟೋ ತೆಗೆದುಕೊಳ್ಳುತ್ತಾರೆ. ಬಚ್ಚಲಿನ ಫೋಟೋ ಇದುವರೆಗೆ ಯಾರೂ ತೆಗೆದಿಲ್ಲ.

ಈಗ ಜಾ ಆಪರೇಟರ್‌ಗೆ ಒಂದು ಕ್ಯಾಬಿನ್ ಮಾಡುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಎಸಿ ಹನ್ನೊಂದು ಸಾವಿರ, ಗಾಜು ಹಳೆ ಬಸ್ಸಿನದು, ಗಾಳಿ ಫಿಲ್ಟರಿನಿಂದ ಒಳಗೆ ನುಗ್ಗುವ ಹಾಗೆ ಒಂದು ಸಣ್ಣ ಬ್ಲೋವರ್. ಎಲ್ಲ ಸರಿಯಾಗಿದೆ. ಆದರೆ ಆಪರೇಟರ್ ಅಣ್ಣ ಕಾಲು ಗಂಟೆಗೊಮ್ಮೆ ಎಲೆ-ಅಡಿಕೆ ಉಗುಳಲು ಬಾಗಿಲು ತೆಗೆಯುತ್ತಾರೆ. ಒಳಗೆ ಉಗುಳುಡಬ್ಬಿ ಇಟ್ಟೆ. "ಎಸಿ ರೂಮಲ್ಲಿ ಹೆಂಗೋ ಉಗುಳೋದು?" ಅಂತ ಬೈದು, ಮತ್ತೆ ಬಾಗಿಲು ತೆಗೆದರು.