ಸುಗ್ಗಿಯಿಂದ ಪತ್ತನಾಜೆವರೆಗೆ ವಾರ್ಡಿನ ಸುದ್ದಿ ಹಾಕೋದು ಹೇಗೆ

ಮಾರ್ಚ್ ಶುರುವಾದ್ರೆ ಸಾಕು, ನಮ್ಮ ಉಡುಪಿ ಕಡೆ ಯಾವ ವಾಟ್ಸಾಪ್ ಗ್ರೂಪ್ ತೆರೆದ್ರೂ ಬರೀ ಆಮಂತ್ರಣ ಪತ್ರಿಕೆ. ನೇಮ (ದೈವದ ಕೋಲ), ದೇವಸ್ಥಾನದ ಬ್ರಹ್ಮಕಲಶ, ಹರಕೆ ಆಟ (ಹರಕೆ ತೀರಿಸ್ಲಿಕ್ಕೆ ಆಡಿಸುವ ಯಕ್ಷಗಾನ), ಭಜನಾ ಮಂಗಲ, ಗೃಹಪ್ರವೇಶ, ಅಂಡರ್ ಆರ್ಮ್ ಕ್ರಿಕೆಟ್, ಮಕ್ಕಳ ಬೇಸಿಗೆ ಶಿಬಿರ, ಕೆಲವು ಎಂಟು ಪುಟದ ಪಿಡಿಎಫ್, ಅದರಲ್ಲಿ ಆರು ಪುಟ ಸಮಿತಿಯವರ ಹೆಸರು. ಯಾರೂ ಪೂರ್ತಿ ಓದೋದಿಲ್ಲ. ಆಮೇಲೆ ಶನಿವಾರ ಸಂಜೆ ಆರು ಗಂಟೆಗೆ ಒಬ್ರು ಕೇಳ್ತಾರೆ, "ಇವತ್ತು ಊಟ ಎಷ್ಟೊತ್ತಿಗೆ ಮಾರಾಯ್ರೆ?" ಅದಕ್ಕೆ ಉತ್ತರ ಆಗಿ ಇನ್ನೊಬ್ರು ಅದೇ ಪಿಡಿಎಫ್ ಮತ್ತೆ ಹಾಕ್ತಾರೆ.

ಪತ್ರಿಕೆಯ ಫೋಟೋ ಸುದ್ದಿ ಅಲ್ಲ, ಅದರಿಂದ ಸುದ್ದಿ ತೆಗೀಬೇಕು. ನಿಮ್ಮ ವಾರ್ಡಿಗೋ ಕೇರಿಗೋ ಅಪಾರ್ಟ್‌ಮೆಂಟಿಗೋ ವಾರಕ್ಕೆ ಒಂದೇ ಮೆಸೇಜ್ ಸಾಕು, ಗುರುವಾರ ರಾತ್ರಿ ಹಾಕಿದ್ರೆ ಒಳ್ಳೇದು, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನ ಗೌಜಿ ಇರೋದು ಶುಕ್ರ ಶನಿ ಭಾನು. ಅದೇ ಮೆಸೇಜನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಹಾಲಿನ ಡೈರಿ ಗೋಡೆಗೆ ಅಂಟಿಸಿ. ಊರಿನ ಅರ್ಧ ವಿಷಯ ಗೊತ್ತಿರುವ ಹಿರಿಯರು ಬೆಳಗ್ಗೆ ಅಲ್ಲಿಗೇ ಬರೋದು, ಅವ್ರು ಓದಿ ಅಲ್ಲೇ ತಿದ್ದುಪಡಿ ಹೇಳ್ತಾರೆ.

ಮೊದ್ಲು ಸೀಸನ್ನಿನ ಒಂದು ಕ್ಯಾಲೆಂಡರ್ ಮಾಡಿಟ್ಕೊಳ್ಳಿ. ತುಳು ತಿಂಗಳ ಲೆಕ್ಕ ಹಿಡಿದ್ರೆ ಸುಲಭ. ಮಾರ್ಚ್ ಮಧ್ಯದಿಂದ ಸುಗ್ಗಿ, ಏಪ್ರಿಲ್ 14 ಅಥವಾ 15ಕ್ಕೆ ಬಿಸು (ತುಳುವರ ಹೊಸ ವರ್ಷ) ಬಂದು ಪಗ್ಗು ಶುರು, ಮೇ ಮಧ್ಯಕ್ಕೆ ಬೇಶ, ಬೇಶದ ಹತ್ತನೇ ದಿನ ಅಂದ್ರೆ ಮೇ 24-25ರ ಹಾಗೆ ಪತ್ತನಾಜೆ. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ತದೆ, ನೇಮ ಕೋಲಗಳೂ ಬಂದ್, ಹಾಗಾಗಿ ಎಲ್ರಿಗೂ ಅದರೊಳಗೆ ಮುಗಿಸುವ ಗಡಿಬಿಡಿ, ಏಪ್ರಿಲ್ ಕೊನೆ ಮೇ ಮೊದಲ ವಾರದಲ್ಲಿ ಒಂದೇ ರಾತ್ರಿ ಒಂದೇ ಊರಲ್ಲಿ ಮೂರು ಕಾರ್ಯಕ್ರಮ ಬೀಳೋದು ಇದಕ್ಕೇ. ಸಂಕ್ರಮಣ ಹಿಡ್ಕೊಂಡು ಬರುವವು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರ್ತವೆ, ಬಿಸು ಹಾಗೆ, ಕಟೀಲು ಜಾತ್ರೆಯೂ ಏಪ್ರಿಲ್ ಮಧ್ಯಕ್ಕೇ. ಚಂದ್ರನ ಲೆಕ್ಕದ ಯುಗಾದಿ, ರಾಮನವಮಿ, ರಂಜಾನ್ ಎಲ್ಲ ಜಾರ್ತಾ ಇರ್ತವೆ, ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದ್ರೂ ಬರಬಹುದು. ಕಾಪುವಿನ ಸುಗ್ಗಿ ಮಾರಿಪೂಜೆ ಮಾರ್ಚಿನ ಎರಡನೇ ಅರ್ಧದಲ್ಲಿ ಮಂಗಳವಾರ-ಬುಧವಾರ. ನಿಮ್ಮ ವಾರ್ಡು ಕಾಪುವಿನಿಂದ ದೂರ ಇದ್ರೂ ಅದನ್ನು ಬರೀರಿ, ಅಲ್ಲಿಯ ಮೂರೂ ಮಾರಿಗುಡಿಗೆ ಜನ ಹೋಗುವಾಗ ಹೈವೇ 66ರಲ್ಲಿ ಮಂಗಳೂರು ಬಸ್ಸು ಹಿಡಿದವರ ಗತಿ ಏನಾಗ್ತದೆ ಅಂತ ಗೊತ್ತಲ್ವಾ.

ಈಗ ಮುಖ್ಯ ಕೆಲಸ, ಪತ್ರಿಕೆಯಿಂದ ಸುದ್ದಿ ತೆಗೆಯೋದು. ಒಂದು ಗರಡಿ (ಕೋಟಿ ಚೆನ್ನಯರ ಗುಡಿ) ನೇಮದ ಪತ್ರಿಕೆ ತಗೊಳ್ಳಿ. ಅದರಲ್ಲಿ ಶುರುವಿಗೆ "ಶ್ರೀ ಕ್ಷೇತ್ರದ ವಾರ್ಷಿಕ ನೇಮೋತ್ಸವವು ಹತ್ತು ಸಮಸ್ತರ ಸಹಕಾರದೊಂದಿಗೆ" ಅಂತ ಉದ್ದಕ್ಕೆ ಇರ್ತದೆ, ಗೊನೆ ಮುಹೂರ್ತ (ಬಾಳೆಗೊನೆ ಕಡಿಯೋದು), ಚಪ್ಪರ ಮುಹೂರ್ತ, ಹೊರೆಕಾಣಿಕೆ, ಭಂಡಾರ (ದೈವದ ಒಡವೆ ಆಯುಧ) ಬರೋದು ಎಲ್ಲ ಒಂದರ ಕೆಳಗೊಂದು. ಗೊನೆ ಮುಹೂರ್ತಕ್ಕೆ ಮನೆತನದವರು, ಸಮಿತಿಯವರು ಹೋಗ್ತಾರೆ, ಅದನ್ನು ವಾರದ ಸುದ್ದಿಯಲ್ಲಿ ಹಾಕ್ಲೇಬೇಕು ಅಂತ ಇಲ್ಲ. ಹೊರೆಕಾಣಿಕೆ ಮೆರವಣಿಗೆ ಆದ್ರೆ ಹಾಕ್ಲೇಬೇಕು, ಯಾಕಂದ್ರೆ ಅದು ರಸ್ತೆಯಲ್ಲಿ ಬರ್ತದೆ, ತೆಂಗಿನಕಾಯಿ ಅಕ್ಕಿ ಕೊಡುವವರು ಗೇಟಿನ ಹತ್ರ ತಂದಿಟ್ಕೊಂಡು ಕಾಯ್ತಾರೆ, ವಾಹನ ಎಷ್ಟೊತ್ತಿಗೆ ಎಲ್ಲಿಂದ ಹೊರಡ್ತದೆ ಅಂತ ಗೊತ್ತಿದ್ರೆ ಬಿಸಿಲಲ್ಲಿ ನಿಲ್ಬೇಕಾಗಿಲ್ಲ. ಇಷ್ಟೆಲ್ಲ ಸೋಸಿದ ಮೇಲೆ ಮೆಸೇಜ್ ಹೀಗೆ ಬರ್ತದೆ:

"ಗರಡಿ ನೇಮ ಇಂಥ ತಾರೀಕು ಶನಿವಾರ ರಾತ್ರಿ. ಊಟ 7ರಿಂದ 9:30, ಬಡಗು ಬದಿಯ ಚಪ್ಪರ. ಬೈದೇರುಗಳು ಗರಡಿ ಇಳಿಯೋದು 9ಕ್ಕೆ, ಮಾಣಿಬಾಲೆ 12 ಕಳೆದು, ಸೇಟು ಭಾನುವಾರ ಬೆಳಗಿನ ಜಾವ 4ಕ್ಕೆ. ಕಾರು ಶಾಲೆ ಮೈದಾನದಲ್ಲಿ, ಸ್ಕೂಟರ್ ಗರಡಿ ಎದುರಿನ ಗದ್ದೆಯಲ್ಲಿ. ಮಳೆ ಬಂದ್ರೆ ಗದ್ದೆಗೆ ಇಳಿಸ್ಬೇಡಿ. ಭಂಡಾರ ಬರುವಾಗ 6:30ರಿಂದ 7:15 ಡೈರಿ ರಸ್ತೆ ಬ್ಲಾಕ್. ಫೋಟೋ ವೀಡಿಯೋ ಬೇಡ ಅಂತ ಸಮಿತಿಯವರು ಹೇಳಿದ್ದಾರೆ."

ಇಷ್ಟೇ. ಊಟ, ಮುಖ್ಯ ಘಟ್ಟಗಳ ಟೈಮ್ (ಬೈದೇರುಗಳು ಅಂದ್ರೆ ಕೋಟಿ ಚೆನ್ನಯರು, ಮಾಣಿಬಾಲೆ, ಸೇಟು ಆ ರಾತ್ರಿಯ ಉಳಿದ ಘಟ್ಟಗಳು), ಗಾಡಿ, ರಸ್ತೆ, ಮಳೆ. ಮಳೆಯ ಮಾತು ಯಾಕೆ ಅಂದ್ರೆ ಸುಗ್ಗಿಗೆ ಗದ್ದೆ ಒಣಗಿ ಗಟ್ಟಿ ಇರ್ತದೆ, ಸ್ಟೇಜು ಪಾರ್ಕಿಂಗು ಎಲ್ಲ ಅಲ್ಲೇ, ಬಿಸು ಕಳೆದ ಮೇಲೆ ಯಾವ ಸಂಜೆ ಗುಡುಗು ಮಳೆ ಹೊಡೀತದೋ ಹೇಳ್ಲಿಕ್ಕಾಗೋದಿಲ್ಲ, ಒಂದು ಅರ್ಧ ಗಂಟೆ ಮಳೆ ಬಂದ್ರೂ ಬೆಳಗಿನ ಜಾವ ಹತ್ತು ಜನ ಸೇರಿ ಕಾರು ದೂಡ್ಬೇಕು. ಇನ್ನೊಂದು, ದೈವದ ಹೆಸರು, ಸೇವೆಯ ಹೆಸರು, ಅನುಕ್ರಮ ಇದನ್ನೆಲ್ಲ ನಿಮ್ಮಷ್ಟಕ್ಕೆ ಬದಲಿಸ್ಲಿಕ್ಕೆ ಹೋಗ್ಬೇಡಿ, ಪತ್ರಿಕೆಯಲ್ಲಿ ಹೇಗುಂಟೋ ಹಾಗೆ. ಅಲ್ಲಿ ತಪ್ಪಿದ್ರೆ ಗುರಿಕಾರರಿಂದ (ಕಟ್ಟುಕಟ್ಟಳೆ ನೋಡುವ ಹಿರಿಯರು) ಫೋನ್ ಬರ್ತದೆ, ನ್ಯಾಯವಾಗಿಯೇ ಬರ್ತದೆ.

ಟೈಮ್ ಬರೆಯೋದ್ರಲ್ಲಿ ಎರಡು ವಿಷಯ ಬಹಳ ಗೊಂದಲ ಮಾಡ್ತದೆ. "ನಾಳೆ" ಅಂತ ಬರೀಲೇಬಾರ್ದು, ಇವತ್ತಿನ ಮೆಸೇಜ್ ನಾಲ್ಕು ದಿನ ಬಿಟ್ಟು ಬೇರೆ ಗ್ರೂಪಿಗೆ ಫಾರ್ವರ್ಡ್ ಆಗಿ ಹೋಗ್ತದೆ, ಅಲ್ಲಿಯವರಿಗೆ ನಾಳೆ ಬೇರೆಯೇ. ವಾರ ಮತ್ತು ತಾರೀಕು ಎರಡೂ ಹಾಕಿ. ಹಾಗೆಯೇ ರಾತ್ರಿ 12 ಕಳೆದದ್ದು ಯಾವ ದಿನ ಅಂತ ಬಿಡಿಸಿ ಬರೀರಿ, ನಮ್ಮಲ್ಲಿ ಅರ್ಧ ಕಾರ್ಯಕ್ರಮ ಇರೋದೇ ಆ ಹೊತ್ತಿಗೆ. "ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಿನ ಜಾವ" ಅಂದ್ರೆ ಮುಂಬೈಯಿಂದ ಬಸ್ಸು ಬುಕ್ ಮಾಡಿ ಬರುವವರಿಗೂ ಅರ್ಥ ಆಗ್ತದೆ. ಪತ್ರಿಕೆಯಲ್ಲಿ ತಾರೀಕಿಗೂ ವಾರಕ್ಕೂ ತಾಳೆ ಆಗದೆ ಇರೋದು ಅಪರೂಪ ಅಲ್ಲ, ಹಿಂದಿನ ವರ್ಷದ ಫೈಲಿನಲ್ಲೇ ತಿದ್ದಿ ಪ್ರಿಂಟ್ ಮಾಡಿರ್ತಾರೆ, ಸಂಶಯ ಬಂದ್ರೆ ಕಾರ್ಯದರ್ಶಿಗೆ ಒಂದು ಫೋನ್ ಮಾಡಿಯೇ ಹಾಕಿ.

ಹರಕೆ ಆಟದ ಸುದ್ದಿಯಲ್ಲಿ ಮೇಳ ಯಾವುದು, ಪ್ರಸಂಗ (ಆಡುವ ಕಥೆ) ಯಾವುದು, ಕಾಲಮಿತಿಯೋ ಇಡೀ ರಾತ್ರಿಯೋ, ಈ ಮೂರು ಇಲ್ಲದಿದ್ರೆ ಆಟದ ಮರುಳಿನವರು ನಿಮ್ಮನ್ನು ಬಿಡೋದಿಲ್ಲ. ಚೌಕಿ (ಬಣ್ಣದ ಮನೆ) ಪೂಜೆ ಎಷ್ಟೊತ್ತಿಗೆ ಅಂತಲೂ ಹಾಕಿ, ಪ್ರಸಾದಕ್ಕೆ ಅಂತಲೇ ಬಂದು ಹೋಗುವವರು ಇರ್ತಾರೆ. ಕಲಾವಿದರ ಹೆಸರು ಹಾಕೋದು ನನಗೆ ಸರಿ ಕಾಣೋದಿಲ್ಲ, ಕೊನೆ ಗಳಿಗೆಯಲ್ಲಿ ಸೆಟ್ ಬದಲಾಗ್ತದೆ, ಆಮೇಲೆ ಅದಕ್ಕೊಂದು ಚರ್ಚೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಉಂಟು, 2000ದ ಶಬ್ದ ಮಾಲಿನ್ಯ ನಿಯಮ ಅದು, ಮೈಕಿಗೆ ಅನುಮತಿ ಆಗಿದೆಯಾ ಅಂತ ಆಯೋಜಕರ ಹತ್ರ ಮೊದಲೇ ಕೇಳಿಟ್ಕೊಂಡ್ರೆ ಪಿಯುಸಿ ಸಿಇಟಿ ಓದುವ ಮಕ್ಕಳ ಅಪ್ಪಅಮ್ಮ ಗ್ರೂಪಿನಲ್ಲಿ ಕೇಳುವಾಗ ನಿಮ್ಮ ಹತ್ರ ಉತ್ತರ ಇರ್ತದೆ.

ಇಗರ್ಜಿಯ ಗರಿಗಳ ಭಾನುವಾರ, ಪವಿತ್ರ ಗುರುವಾರ, ಶುಭ ಶುಕ್ರವಾರದ ಶಿಲುಬೆ ಹಾದಿ, ಮಸೀದಿಯ ಉರೂಸು, ರಂಜಾನ್ ಆ ಹೊತ್ತಿಗೆ ಬಂದ್ರೆ ಇಫ್ತಾರ್ ಕೂಟ, ಇವೂ ಅದೇ ಪಟ್ಟಿಯಲ್ಲಿ ತಾರೀಕಿನ ಅನುಕ್ರಮದಲ್ಲೇ ಬರ್ಬೇಕು, ಕೆಳಗೆ ಬೇರೆ ಕಂತೆ ಮಾಡ್ಬೇಡಿ. ಒಂದೇ ರಸ್ತೆಯಲ್ಲಿ ಇರುವವರಿಗೆ ಪಕ್ಕದ ಮನೆಯವರದ್ದು ಯಾವಾಗ ಅಂತ ಗೊತ್ತಿದ್ರೆ ಗಾಡಿ ನಿಲ್ಲಿಸುವ ಜಗಳವೇ ಅರ್ಧ ಕಮ್ಮಿ ಆಗ್ತದೆ. ರಾಜಕೀಯ ಸಭೆ ಬೇಡ. ಒಂದು ಪಕ್ಷದ್ದು ಹಾಕಿದ್ರೆ ಇನ್ನೊಂದರದ್ದೂ ಬರ್ತದೆ, ಆಮೇಲೆ ಊಟದ ಟೈಮ್ ಕೇಳುವವರೂ ಗ್ರೂಪ್ ಬಿಟ್ಟು ಹೋಗ್ತಾರೆ.

ಹಬ್ಬ ಜಾತ್ರೆಯಷ್ಟೇ ಜನ ಓದೋದು ನೀರಿನ ಸುದ್ದಿ. ಉಡುಪಿ ನಗರಸಭೆಯ 35 ವಾರ್ಡಿಗೂ ಮುಖ್ಯ ಆಧಾರ ಸ್ವರ್ಣಾ ನದಿಯ ಬಜೆ ಡ್ಯಾಮ್. ಫೆಬ್ರವರಿ ಕಳೆದ ಮೇಲೆ ಹೊಳೆಯ ಹರಿವು ಇಳೀತಾ ಬರ್ತದೆ, ಆಮೇಲೆ ಕಟ್ಟಿ ನಿಲ್ಲಿಸಿದ ನೀರಿನಲ್ಲೇ ಮಳೆಗಾಲದವರೆಗೆ ತಳ್ಬೇಕು, ಅಕಾಲ ಮಳೆ ಬಂದ್ರೆ ಬಚಾವ್. 2019ರ ಮೇ ನೆನಪಿದ್ದವರಿಗೆ ವಿವರಿಸಬೇಕಾಗಿಲ್ಲ, ಹೊಳೆಯ ಗುಂಡಿಗಳಿಂದ ಪಂಪ್ ಹಾಕಿ ನೀರೆತ್ತಿ, ವಾರ್ಡಿಗೆ ಸರದಿ ಹಾಕಿ ಬಿಟ್ಟದ್ದು. ಮಂಗಳೂರಿನವರಾದ್ರೆ ನೇತ್ರಾವತಿಯ ತುಂಬೆ ಡ್ಯಾಮಿನ ಮಟ್ಟ ನೋಡ್ಬೇಕು, ಅಲ್ಲಿ ಪೂರ್ತಿ ಅಂದ್ರೆ 6 ಮೀಟರ್, ಪೇಪರಿನಲ್ಲಿ ಬರುವ ಅಂಕೆಯನ್ನು ಅದರ ಪಕ್ಕ ಇಟ್ಟು ಬರೆದ್ರೆ ಓದುವವರಿಗೆ ಅಂದಾಜು ಸಿಗ್ತದೆ. ಆದ್ರೆ ಡ್ಯಾಮಿನ ಮಟ್ಟಕ್ಕಿಂತ ಮುಖ್ಯ, ನಮ್ಮ ಲೈನಿಗೆ ಯಾವ ದಿನ ಎಷ್ಟೊತ್ತಿಗೆ ನೀರು ಬಿಡ್ತಾರೆ ಅನ್ನೋದು. ಅದನ್ನು ವಾಲ್ವ್ ತಿರುಗಿಸುವವರನ್ನೇ ಕೇಳಿ, ಅವರಷ್ಟು ಸರಿಯಾಗಿ ಯಾರಿಗೂ ಗೊತ್ತಿರೋದಿಲ್ಲ. ಬಾವಿಯಲ್ಲಿ ನೀರಿದ್ದು ಕೊಡ್ಲಿಕ್ಕೆ ತಯಾರಿರುವವರು ಇದ್ರೆ ಅದನ್ನೂ ಹಾಕಿ, ಅವರನ್ನು ಕೇಳಿ, ಟೈಮ್ ಹೇಳಿ, ಇಲ್ಲದಿದ್ರೆ ಬೆಳಗ್ಗೆ ಐದಕ್ಕೇ ಕೊಡಪಾನ ಸಾಲು ನಿಲ್ತದೆ.

ಕರೆಂಟಿನ ಪ್ರಕಟಣೆ ಮೆಸ್ಕಾಂನವರು (ನಮ್ಮ ಕಡೆಯ ವಿದ್ಯುತ್ ಕಂಪೆನಿ) ಫೀಡರ್ ಅಂದ್ರೆ ಮುಖ್ಯ ಲೈನಿನ ಹೆಸರಿನಲ್ಲಿ ಕೊಡ್ತಾರೆ, ಅದನ್ನು ಹಾಗೇ ಹಾಕಿದ್ರೆ ನಮ್ಮದು ಯಾವ ಫೀಡರ್ ಅಂತ ಯಾರಿಗೂ ಗೊತ್ತಾಗೋದಿಲ್ಲ, ನಮ್ಮ ಕೇರಿಗೆ ಉಂಟಾ ಇಲ್ವಾ ಅಂತ ಒಂದು ಸಾಲು ಬರೀರಿ.

ಇನ್ನು ಸಣ್ಣ ಸುದ್ದಿಗಳು, ನನಗೆ ಓದ್ಲಿಕ್ಕೆ ಖುಷಿ ಇರೋದು ಇವು. ಯಾರ ಮನೆ ಹಿತ್ತಿಲಲ್ಲಿ ಹಲಸು ಹೆಚ್ಚಾಗಿ ಬಂದು ಕೊಯ್ಕೊಂಡು ಹೋಗಿ ಅಂತ ಹೇಳ್ತಿದ್ದಾರೆ, ಯಾರ ಹತ್ರ ಕಾಟು ಮಾವಿನಹಣ್ಣು ಸಿಗ್ತದೆ, ಪುನರ್ಪುಳಿ (ಕೋಕಂ) ಸಿಪ್ಪೆ ಒಣಗಿಸಿದ್ದು ಉಂಟಾ, ಹಪ್ಪಳ ಮಾಡುವ ಮನೆಗೆ ಸಹಾಯಕ್ಕೆ ಜನ ಬೇಕಾ. ಬಿಸುವಿನ ಮುಂಚಿನ ವಾರ ಕಣಿಗೆ (ಬೆಳಗ್ಗೆ ಎದ್ದು ಮೊದಲು ನೋಡುವ ಹಣ್ಣು ತರಕಾರಿಯ ತಟ್ಟೆ) ಬೇಕಾದ ಸೌತೆಕಾಯಿ, ಪಾಯಸಕ್ಕೆ ಎಳೆ ಗೇರುಬೀಜ ಎಲ್ಲಿ ಸಿಗ್ತದೆ ಅಂತ ಹಾಕಿದ್ರೆ ಆ ಮೆಸೇಜಿಗೆ ಬರುವಷ್ಟು ಉತ್ತರ ಬೇರೆ ಯಾವುದಕ್ಕೂ ಬರೋದಿಲ್ಲ. ಮದುವೆ ಸೀಸನ್ನಿನಲ್ಲಿ ಶಂಕರಪುರ ಮಲ್ಲಿಗೆಯ ರೇಟು ಒಂದು ಸಾಲು ಹಾಕಬಹುದು, ಆದ್ರೆ ಅಟ್ಟೆಯ ರೇಟೋ ಚೆಂಡಿನ ರೇಟೋ ಸ್ಪಷ್ಟ ಇರ್ಲಿ, ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಚೆಂಡಿನ ರೇಟನ್ನು ಅಟ್ಟೆಯದ್ದು ಅಂದ್ಕೊಂಡು ಹೋದವರು ಹೂವಿನಂಗಡಿ ಎದುರು ಬಾಯಿ ಬಿಟ್ಟು ನಿಲ್ಬೇಕಾಗ್ತದೆ. ಮಲ್ಲಿಗೆ ಕಟ್ಟೆಯಲ್ಲಿ (ಹೂವಿನ ಮಾರುಕಟ್ಟೆ) ದಿನ ದಿನ ರೇಟು ಬದಲಾಗ್ತದೆ, ಹಾಗಾಗಿ ಯಾವ ದಿನದ್ದು ಅಂತಲೂ ಹಾಕಿ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಸ್ವಲ್ಪ ಕೈ ಬಿಗಿ ಹಿಡೀರಿ. ನಮ್ಮ ಎರಡು ಜಿಲ್ಲೆಗೆ ಅದೊಂದು ಪ್ರತಿಷ್ಠೆಯ ವಿಷಯ, 2024ರಲ್ಲಿ ಉಡುಪಿ ಫಸ್ಟ್, 2025ರಲ್ಲಿ ದಕ್ಷಿಣ ಕನ್ನಡ ಫಸ್ಟ್ ಉಡುಪಿ ಸೆಕೆಂಡ್, ಅದನ್ನು ಬೇಕಾದಷ್ಟು ಸಂಭ್ರಮದಲ್ಲಿ ಹಾಕಿ. ಕೇರಿಯ ಮಕ್ಕಳ ಮಾರ್ಕು ಮಾತ್ರ ಮಕ್ಕಳನ್ನೇ ಕೇಳದೆ ಹಾಕ್ಬೇಡಿ, ಅಪ್ಪ ಹೇಳಿದ್ರೂ. 600 ದಾಟಿದವರ ಫೋಟೋ ಸಾಲಾಗಿ ಹಾಕಿದ್ರೆ ಹೆಸರು ಬಾರದವರು ಯಾರು ಅಂತ ಎಲ್ರಿಗೂ ಗೊತ್ತಾಗ್ತದೆ. ಮತ್ತೆ ಬರೆಯುವವರಿಗೆ ಮುಂದಿನ ಪರೀಕ್ಷೆಗೆ ಕಟ್ಟುವ ಕೊನೆ ತಾರೀಕು ಹಾಕಿ, ಅದು ನಿಜವಾಗಿ ಬೇಕಾದವರಿಗೆ ಉಪಯೋಗ.

ವಂತಿಗೆ ಸಂಗ್ರಹದ ಕ್ಯೂಆರ್ ಕೋಡ್ ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದು ಯಾವ ಕಾರಣಕ್ಕೂ ಮುಂದೆ ಕಳಿಸ್ಬೇಡಿ. ಕೋಶಾಧಿಕಾರಿಯ ಹತ್ರ ಮುಖತಃ ಕೇಳಿ, ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರ್ತದೆ ಅಂತ ನೋಡಿ, ಆ ಹೆಸರನ್ನೂ ಮೆಸೇಜಿನಲ್ಲಿ ಬರೀರಿ. ರಕ್ತ ಬೇಕಾಗಿದೆ ಅನ್ನುವ ಮೆಸೇಜಿಗೂ ಅದೇ, ಫೋನ್ ಮಾಡಿ ಇನ್ನೂ ಬೇಕಾ ಅಂತ ಕೇಳಿ, ಸಿಕ್ಕಿದ ಮೇಲೆ "ಸಿಕ್ಕಿತು" ಅಂತ ಹಾಕಿ. ಸಾವಿನ ಸುದ್ದಿ ಗುರುವಾರಕ್ಕೆ ಕಾಯೋದಿಲ್ಲ, ಅದು ಕೂಡ್ಲೇ ಹೋಗ್ಬೇಕು, ಆದ್ರೆ ಮನೆಯವರು ಹೇಳಿದ ಮೇಲೆಯೇ. ದುಬೈಯಲ್ಲಿರುವ ಮಗನಿಗೆ ಗ್ರೂಪಿನಿಂದ ಗೊತ್ತಾಗುವ ಹಾಗೆ ಆಗ್ಬಾರ್ದು.

ಮೇ ಮೂರನೇ ವಾರದ ಮೆಸೇಜಿನ ಹದವೇ ಬೇರೆ. ಕಾರ್ಯಕ್ರಮ ಒಂದೆರಡೇ ಉಳಿದಿರ್ತದೆ, ಮಳೆಗಾಲದ ಕೆಲಸ ಮೇಲೆ ಬರ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಮಲ್ಪೆಯಲ್ಲಿ ಮೀನು ಕಮ್ಮಿ ಆಗ್ತದೆ, ಒಣಮೀನು ತಗೊಳ್ಳುವವರು ಈಗಲೇ ತಗೊಳ್ಬೇಕು, ಕೇರಿಗೆ ತರುವವರು ಯಾವ ದಿನ ಬರ್ತಾರೆ ಅಂತ ಬರೀರಿ. ಚರಂಡಿಯ ಹೂಳು ಎಲ್ಲೆಲ್ಲಿ ತೆಗೆದಿಲ್ಲ ಅಂತ ಜಾಗದ ಹೆಸರು ಹೇಳಿ ಫೋಟೋ ಸಮೇತ ಹಾಕಿ, ಅದೇ ಮೆಸೇಜ್ ವಾರ್ಡಿನ ಸದಸ್ಯರಿಗೂ ಹೋಗ್ಲಿ. ಕರೆಂಟಿನ ವಯರಿಗೆ ತಾಗುವ ಗೆಲ್ಲು ಇದ್ರೆ ಯಾರೂ ಕತ್ತಿ ಹಿಡ್ಕೊಂಡು ಮರ ಹತ್ಬೇಡಿ, 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡು ಅದನ್ನೂ ಗ್ರೂಪಿನಲ್ಲಿ ಹಾಕಿ, ಒಂದೇ ಗೆಲ್ಲಿಗೆ ಹತ್ತು ಜನ ಫೋನ್ ಮಾಡೋದು ತಪ್ತದೆ.