ಡಿಸ್ಟಾರ್ಷನ್ ಪೆಡಲ್ ಕಿತ್ತ ಮೇಲೆ ಸಿಕ್ಕ ಮಾಲ್ಕಮ್ ಸೌಂಡ್

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ಹಾಡು ಬಾರಿಸೋಕೆ ಹೊರಟವರೆಲ್ಲ ಅದರ ಲೀಡ್ ಗಿಟಾರಿಸ್ಟ್ ಆಂಗಸ್ ಯಂಗ್ ಆಗೋಕೆ ನೋಡ್ತಾರೆ. ಸ್ಕೂಲ್ ಯೂನಿಫಾರ್ಮು, ಗಿಬ್ಸನ್ ಎಸ್‌ಜಿ ಗಿಟಾರ್, ಒಂಟಿಕಾಲ ಕುಣಿತ. ನನಗೆ ಬೇಕಿದ್ದದ್ದು ಅವನ ಅಣ್ಣ ಮಾಲ್ಕಮ್ ಯಂಗ್‌ನ ರಿದಮ್ ಗಿಟಾರ್. 1973ರಲ್ಲಿ ಸಿಡ್ನಿಯಲ್ಲಿ ತಮ್ಮನನ್ನು ಸೇರಿಸಿಕೊಂಡು ಬ್ಯಾಂಡ್ ಕಟ್ಟಿದವನು ಅವನು. ಸ್ಟೇಜಿನಲ್ಲಿ ಮಾತ್ರ ಡ್ರಮ್ಸ್ ಪಕ್ಕ ನಿಂತು, ಕೋರಸ್ ಬಂದಾಗ ಮೈಕಿಗೆ ಬಂದು ಮತ್ತೆ ಹಿಂದೆ ಹೋಗಿಬಿಡ್ತಿದ್ದ.

ಸೌಂಡನ್ನು ಒಡೆದು ಗರಗರ ಮಾಡೋ ಡಿಸ್ಟಾರ್ಷನ್ ಪೆಡಲ್ ಬೇಡ, ಆಂಪಿನಲ್ಲಿ ಅದೇ ಗರಗರ ಏರಿಸೋ ಗೇನ್ ಕೂಡ ಇಳಿಸ್ತೀನಿ ಅಂದಾಗ ನಮ್ಮ ಡ್ರಮ್ಮರ್, “ಏನ್ ಗುರೂ, ಭಾವಗೀತೆ ಬಾರಿಸ್ತೀಯಾ?” ಅಂದ. ಅಷ್ಟರಲ್ಲಾಗಲೇ ಪೆಡಲ್‌ಗಳಿಗೆ ಹತ್ತಿರಹತ್ತಿರ 30 ಸಾವಿರ ಸುರಿದಿದ್ದೆ. ಮನೇಲಿ ಹೆಡ್‌ಫೋನಿನಲ್ಲಿ ಭರ್ಜರಿ. ಬೇಸ್, ಡ್ರಮ್ಸ್ ಸೇರಿದ ಕೂಡಲೇ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಬರೀ ಗುಯ್ಯ್.

ಮಾಲ್ಕಮ್‌ದು 1963ರ ಗ್ರೆಚ್ ಜೆಟ್ ಫೈರ್‌ಬರ್ಡ್ ಗಿಟಾರ್. ಕೊಟ್ಟವನು ಹ್ಯಾರಿ ವಾಂಡಾ. ಈಸಿಬೀಟ್ಸ್ ಬ್ಯಾಂಡಿನಲ್ಲಿ ಇವರ ಅಣ್ಣ ಜಾರ್ಜ್ ಜೊತೆಗಿದ್ದವನು. ಎಸಿ/ಡಿಸಿಯ ಮೊದಮೊದಲ ಆಲ್ಬಮ್‌ಗಳ ಪ್ರೊಡ್ಯೂಸರ್‌ಗಳೂ ಇವರಿಬ್ಬರೇ. ಮಾಲ್ಕಮ್ ಅದರ ಬಣ್ಣ ಕೆರೆದು ಬ್ರಿಡ್ಜ್ ಪಕ್ಕದ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡೋ ಮ್ಯಾಗ್ನೆಟ್) ಒಂದನ್ನೇ ಉಳಿಸಿಕೊಂಡ. ನನ್ನ ಜೇಬಿಗೆ ಗ್ರೆಚ್ ಎಲ್ಲಿಂದ ಬರಬೇಕು? ಸೆಕೆಂಡ್ ಹ್ಯಾಂಡ್ ಕೊರಿಯನ್ ಗಿಟಾರಿಗೆ 18–20 ಸಾವಿರ, ಗ್ರೆಚ್‌ನ ಫಿಲ್ಟರ್‌ಟ್ರಾನ್ ಥರದ ಪಿಕಪ್ಪಿಗೆ ಇನ್ನೊಂದು ಏಳೆಂಟು.

ತಂತಿ 12–56 (ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ), ಮೂರನೇ ತಂತಿ ಜಿ ಕೂಡ ಲೋಹ ಸುತ್ತಿದ್ದು. ಅವನ ಸೆಟ್ಟೂ ಅದೇ. ಇಲ್ಲೇ ಕೈ ಸುಟ್ಟಿದ್ದು. ರಿಪೇರಿಗೆ ಕೊಟ್ಟ ಕಡೆ ನಟ್‌ನ (ಗಿಟಾರ್ ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಸ್ಲಾಟ್ ಅಗಲ ಮಾಡಿ ಅಂದರೆ ಆಳವನ್ನೂ ಮಾಡಿಬಿಟ್ಟರು. ಓಪನ್ ಜಿ ಮೀಟಿದರೆ ಮೊದಲ ಫ್ರೆಟ್ಟಿಗೆ ಬಡಿದು ಗರ್ರ್. ಮೂಳೆ ನಟ್ ಬೇರೆ ಕಡೆ ಹಾಕಿಸಿದೆ, ಮತ್ತೆ ಒಂದೂವರೆ ಸಾವಿರ.

ಅವನ ಹಾಗೆ 100 ವ್ಯಾಟ್‌ನ ಮಾರ್ಷಲ್ ಸೂಪರ್ ಬೇಸ್ ಇಟ್ಟುಕೊಂಡರೆ ಓನರ್ ಮನೆ ಖಾಲಿ ಮಾಡಿಸ್ತಾರೆ. ನಂದು 15 ವ್ಯಾಟ್ ವಾಲ್ವ್ ಆಂಪ್: ಗೇನ್ ಮೂರು, ಮಾಸ್ಟರ್ ಪೂರ್ತಿ, ಗಿಟಾರ್ ವಾಲ್ಯೂಮ್ ಏಳರ ಆಸುಪಾಸು. 1977ರ ರೆಕಾರ್ಡಿಂಗ್‌ನಲ್ಲಿ ಆಂಗಸ್‌ನ ಆಂಪ್ ಹೊಗೆ ಕಾರಿದರೂ ಜಾರ್ಜ್ ನಿಲ್ಲಿಸಬೇಡ ಅಂದಿದ್ದನಂತೆ. ನಮಗೆ ಅಂಥ ಅಣ್ಣನೂ ಇಲ್ಲ, ಇನ್ನೊಂದು ಆಂಪೂ ಇಲ್ಲ.

ಉಳಿದದ್ದೆಲ್ಲ ಬಲಗೈದು. ಎರಡು-ಮೂರು ತಂತಿಯ ಪವರ್ ಕಾರ್ಡ್ ಬಿಟ್ಟು ಎ, ಡಿ, ಜಿ ಓಪನ್ ಕಾರ್ಡ್‌ಗಳನ್ನು ಪೂರ್ತಿ ಹೊಡೀಬೇಕು, ಹೊಡೆದ ಮೇಲೆ ತಂತಿ ಪೂರಾ ಬಾಯಿ ಮುಚ್ಚಬೇಕು. ಪಿಕ್ ಹಿಡಿಯೋ ಕೋನ, ಟೋನ್ ಪಾಟಿಗೆ ಮಾಡಿದ ಕಿತಾಪತಿ, ಇವೆರಡು ಹೇಳಲ್ಲ. 2014ರಲ್ಲಿ ಮರೆವಿನ ಕಾಯಿಲೆಯಿಂದ ಮಾಲ್ಕಮ್ ಬ್ಯಾಂಡ್ ಬಿಟ್ಟಾಗ ಅವನ ಜಾಗಕ್ಕೆ ಬಂದದ್ದು ಇನ್ನೊಬ್ಬ ಅಣ್ಣನ ಮಗ ಸ್ಟೀವಿ. ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗದಷ್ಟು ಹತ್ತಿರ. ಕೈ ಮನೆತನದ್ದು.

ಮಧ್ಯೆ ಒಂದು ಹುಚ್ಚೂ ಆಯ್ತು. 1975ರಲ್ಲಿ ಎಸಿ/ಡಿಸಿ ಗಾಯಕ ಬಾನ್ ಸ್ಕಾಟ್ ಬ್ಯಾಗ್‌ಪೈಪ್ ಊದಿದ ‘ಇಟ್ಸ್ ಎ ಲಾಂಗ್ ವೇ ಟು ದ ಟಾಪ್’ ಹಾಡಿದೆಯಲ್ಲ, ಅದಕ್ಕೆ ವಾಲಗದವರೊಬ್ಬರನ್ನು ಕರೆತಂದೆ. ನಾಗಸ್ವರದ ಶ್ರುತಿಗೆ ನಾವೇ ಗಿಟಾರ್ ಏರಿಸಿ, ಇಳಿಸಿ, ಒಂದು ಇ ತಂತಿ ಹರೀತು. ಕೊನೆಗೆ ಕೂಡಿದಾಗ ಮೈ ಜುಂ ಅಂತು, ಆದರೆ ರೂಮಿನಲ್ಲಿ ಗಿಟಾರ್ ಒಂಚೂರೂ ಕೇಳಲಿಲ್ಲ.

ಹೋದ ತಿಂಗಳ ಪಬ್ ಶೋನಲ್ಲಿ ಸೌಂಡ್ ಇಂಜಿನಿಯರ್ ನನ್ನ ಚಾನೆಲ್ಲಿನ ಇಕ್ಯೂ (ಬೇಸ್, ಟ್ರೆಬಲ್ ತಿದ್ದೋ ಗುಂಡಿಗಳು) ಮುಟ್ಟಲೇ ಇಲ್ಲ. ಭಾವಗೀತೆ ಅಂದಿದ್ದ ಡ್ರಮ್ಮರ್ ಈಗ ನಮ್ಮ ಲೀಡ್ ಗಿಟಾರಿಸ್ಟಿಗೂ ಗೇನ್ ಇಳಿಸು ಅಂತಾನೆ. ಪೆಡಲ್‌ಗಳನ್ನು ಅರ್ಧ ರೇಟಿಗೆ ಮಾರಿದೆ. ಒಂದು ಉಳಿದಿದೆ, ಬೇಕಿದ್ದವರು ಹೇಳಿ.